ದೊಡ್ಡಪ್ಪನ ಸೈಕಲ್ಲಿಗೆ ಬ್ರೇಕ್ ರಬ್ಬರ್ ಹುಡುಕಿದ್ದು

ದೇವರಾಯನದುರ್ಗದಿಂದ ಇಳಿಯುವಾಗ ಸಣ್ಣಗೆ ಹನಿ ಶುರುವಾಯಿತು. ತಿರುವಿನಲ್ಲಿ ಎರಡೂ ಬ್ರೇಕ್ ಬಿಗಿಯಾಗಿ ಹಿಡಿದೆ. ಸೈಕಲ್ ಕಿರ್ರೆಂದು ಕೂಗಿತೇ ಹೊರತು ವೇಗ ಕಮ್ಮಿಯಾಗಲಿಲ್ಲ. ಎದುರಿಗೊಂದು ಕಾರು. ಬೇರೆ ದಾರಿ ಕಾಣದೆ ಪಕ್ಕದ ಪೊದೆಗೆ ನುಗ್ಗಿಸಿದೆ. ಮೊಣಕೈ ತರಚಿತು, ಪ್ಯಾಂಟು ಹರಿಯಿತು. ಅಷ್ಟಕ್ಕೇ ಮುಗಿದದ್ದು ನನ್ನ ಪುಣ್ಯ.

ಸೈಕಲ್ ನನ್ನದಲ್ಲ, ಗುಬ್ಬಿಯ ದೊಡ್ಡಪ್ಪನದು. 1978ರಲ್ಲಿ ತುಮಕೂರಿನಲ್ಲಿ ಶುರುವಾದ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು ಅವರು. ಎಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡ ರೇಸಿಂಗ್ ಸೈಕಲ್ ಅದು. ಕಂಪನಿ ಹೆಸರಿನ ಸ್ಟಿಕರ್ ಎಂದೋ ಉದುರಿಹೋಗಿದೆ. ಇಪ್ಪತ್ತು ವರ್ಷ ಗೋಣಿಚೀಲ ಹೊದ್ದು ಮೂಲೆಯಲ್ಲಿದ್ದದ್ದನ್ನು ತುಮಕೂರಿನ ಬಾಡಿಗೆ ಮನೆಗೆ ತಂದೆ. ಟೈರು, ಟ್ಯೂಬು, ಕೇಬಲ್ ಹೊಸದು ಹಾಕಿಸಿದೆ, ಚೈನಿಗೆ ಎಣ್ಣೆ ಬಿಟ್ಟೆ. ಬ್ರೇಕ್ ರಬ್ಬರ್ ಮಾತ್ರ ಮುಟ್ಟಲಿಲ್ಲ. ಸವೆದಿರಲಿಲ್ಲವಲ್ಲ!

ತಪ್ಪು ಆಗಿದ್ದೇ ಅಲ್ಲಿ. ರಬ್ಬರ್ ಸವೆಯದೆಯೂ ಸಾಯುತ್ತೆ. ವರ್ಷಗಟ್ಟಲೆ ಸುಮ್ಮನಿದ್ದರೆ ಒಣಗಿ, ಗಟ್ಟಿಯಾಗಿ, ಮೇಲ್ಮೈ ಗಾಜಿನ ಹಾಗೆ ಹೊಳೆಯೋಕೆ ಶುರುವಾಗುತ್ತೆ. ಉಗುರು ಒತ್ತಿದರೆ ಇಳಿಯಲ್ಲ. ಅಂಥ ರಬ್ಬರ್ ರಿಮ್ಮನ್ನು ಹಿಡಿಯಲ್ಲ, ಜಾರುತ್ತೆ.

ಅಂಗಡಿಯಿಂದ ಅಂಗಡಿಗೆ

ಮಾರನೇ ದಿನ ಮಂಡಿಪೇಟೆ ಕಡೆಯ ಸೈಕಲ್ ಅಂಗಡಿಗೆ ಹೋದೆ. ‘ಹಳೇ ಸೈಕಲ್ಲಿಗೆ ಬ್ರೇಕ್ ರಬ್ಬರ್ ಕೊಡಿ’ ಅಂದೆ. ಅಂಗಡಿಯವರು ಕೊಟ್ಟಿದ್ದು ನಮ್ಮ ತಾತಂದಿರ ಕಾಲದ ಕಪ್ಪು ಸೈಕಲ್ಲಿನ ರಬ್ಬರ್. ಆ ಸೈಕಲ್ಲುಗಳಲ್ಲಿ ಕೇಬಲ್ ಇರಲ್ಲ, ಕಬ್ಬಿಣದ ಸರಳು ರಬ್ಬರನ್ನು ಮೇಲಕ್ಕೆಳೆದು ರಿಮ್ಮಿನ ಒಳಮೈಗೆ ಒತ್ತುತ್ತೆ. ನನ್ನದರಲ್ಲಿ ಎರಡು ಬದಿಯಿಂದ ಇಕ್ಕಳದಂತೆ ಹಿಡಿಯೋ ಬ್ರೇಕು. ಇನ್ನೊಂದು ಅಂಗಡಿಯಲ್ಲಿ ಈಗಿನ ಗೇರ್ ಸೈಕಲ್ಲಿನ ಉದ್ದನೆಯ ರಬ್ಬರ್ ಸಿಕ್ಕಿತು. ಹಾಕಿ ನೋಡಿದರೆ ಮುಂದಿನ ಫೋರ್ಕಿಗೇ ತಾಗಿತು. ‘ಇದಕ್ಕೆ ಬರಲ್ಲ ಸಾರ್, ಬ್ರೇಕೇ ಚೇಂಜ್ ಮಾಡಿಬಿಡಿ’ ಅಂದರು.

ಫೋನಲ್ಲಿ ಹೊಸ ಬ್ರೇಕಿನ ಸೆಟ್ ಕಾರ್ಟಿಗೆ ಹಾಕಿದೆ. ದುಡ್ಡು ಕಟ್ಟೋ ಮೊದಲು ದೊಡ್ಡಪ್ಪನಿಗೆ ಹೇಳೋಣ ಅಂತ ಭಾನುವಾರ ಸೈಕಲ್ಲನ್ನು ಗುಬ್ಬಿಗೆ ಒಯ್ದೆ. ಮೊಣಕೈಯ ಪಟ್ಟಿ ನೋಡಿ ಅವರು ಕೇಳಿದರು, ನಾನು ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ‘ರಬ್ಬರ್ ನೋಡದೆ ಕೊಟ್ಟೆನಲ್ಲೋ’ ಅಂದವರೇ ಒಳಗೆ ಹೋಗಿ ವರ್ನಿಯರ್ ಕ್ಯಾಲಿಪರ್, ಒಂದು ಬಟ್ಟಲು ಸೀಮೆಎಣ್ಣೆ ತಂದರು.

ಹೆಸರಿಗಿಂತ ಅಳತೆ

‘ಕಂಪನಿ ಹೆಸರು ಗೊತ್ತಿಲ್ಲ ದೊಡ್ಡಪ್ಪ, ಏನಂತ ಹುಡುಕೋದು?’ ಅಂದೆ. ‘ಹೆಸರು ಆಮೇಲೆ. ಅದು ಹೇಗೆ ಕೆಲಸ ಮಾಡುತ್ತೆ ನೋಡು’ ಅಂದರು. ಅವತ್ತು ಕಲಿತದ್ದು ಇಷ್ಟು:

ಮೊದಲನೆಯದು, ಕೇಬಲ್ ಎಲ್ಲಿಂದ ಎಳೆಯುತ್ತೆ? ಎರಡು ತೋಳಿಗೂ ಮಧ್ಯದಲ್ಲಿ ಒಂದೇ ಬೋಲ್ಟು, ಕೇಬಲ್ ಒಂದು ಪಕ್ಕದಿಂದ ಎಳೆದರೆ ಸೈಡ್‌ಪುಲ್. ಕೇಬಲ್ ನಡುವಿನಿಂದ ಇಳಿದು, ಇನ್ನೊಂದು ಸಣ್ಣ ತಂತಿಯ ಮೂಲಕ ಎರಡೂ ತೋಳನ್ನು ಸಮನಾಗಿ ಎತ್ತಿದರೆ ಸೆಂಟರ್‌ಪುಲ್. ನಮ್ಮದು ಸೈಡ್‌ಪುಲ್. ಸೀಮೆಎಣ್ಣೆ ಬಟ್ಟೆಯಲ್ಲಿ ಉಜ್ಜಿದಾಗ ತೋಳಿನ ಮೇಲೆ ‘ವೈನ್‌ಮನ್’ ಅಂತ ಅಚ್ಚು ಕಂಡಿತು. ಯುರೋಪಿನ ಹಳೆಯ ಬ್ರೇಕ್ ಕಂಪನಿ ಅದು. ಜಪಾನಿನ ಡಯಾ-ಕಾಂಪೆ, ಫ್ರಾನ್ಸಿನ ಮಫಾಕ್, ಇಟಲಿಯ ಕ್ಯಾಂಪಾಗ್ನೋಲೊ ಕೂಡ ಹಳೇ ರೇಸಿಂಗ್ ಸೈಕಲ್ಲುಗಳಲ್ಲಿ ಕಾಣುವ ಹೆಸರುಗಳು.

ಎರಡನೆಯದು, ರಬ್ಬರನ್ನು ಹಿಡಿದಿರೋದು ಏನು? ಇದೇ ಮುಖ್ಯ. ನಮ್ಮದರಲ್ಲಿ ರಬ್ಬರಿನ ಹಿಡಿಯಿಂದ ಮರೆ ಇರುವ ಕಡ್ಡಿ ಹೊರಬಂದು, ನಟ್ಟಿನಿಂದ ಬಿಗಿಯಾಗಿದೆ. ವರ್ನಿಯರ್ ತೋರಿಸಿದ್ದು 6 ಮಿ.ಮೀ. ಇವತ್ತಿನ ರೋಡ್ ಬೈಕ್ ರಬ್ಬರುಗಳದ್ದೂ ಅದೇ 6 ಮಿ.ಮೀ. ಅಂದರೆ ಹೊಸ ರೋಡ್ ಬೈಕ್ ರಬ್ಬರ್ ಈ ಹಳೇ ಬ್ರೇಕಿಗೆ ಕೂರುತ್ತೆ! ಮಫಾಕ್‌ನಂಥ ಬ್ರೇಕುಗಳಲ್ಲಿ ಕಡ್ಡಿಗೆ ಮರೆ ಇರಲ್ಲ, ನುಣ್ಣಗಿರುತ್ತೆ. ಅದಕ್ಕೆ ಕ್ಯಾಂಟಿಲಿವರ್ ಬ್ರೇಕಿನ ನುಣುಪು ಕಡ್ಡಿಯ ರಬ್ಬರ್ ಕೇಳಬೇಕು.

ಮೂರನೆಯದು, ರಿಮ್ ಯಾವುದರದ್ದು? ದೊಡ್ಡಪ್ಪ ಫ್ರಿಜ್ ಬಾಗಿಲ ಮೇಲಿದ್ದ ಆಯಸ್ಕಾಂತ ತರಿಸಿದರು. ಟಕ್ ಅಂತ ಅಂಟಿತು, ಸ್ಟೀಲು. ಅಲ್ಯೂಮಿನಿಯಂ ಆಗಿದ್ದರೆ ಅಂಟುತ್ತಿರಲಿಲ್ಲ. ಕ್ರೋಮ್ ಹೊಡೆದ ಸ್ಟೀಲ್ ರಿಮ್ ನೆನೆದರೆ ಸಾಮಾನ್ಯ ರಬ್ಬರಿನ ಹಿಡಿತ ತೀರಾ ಕಡಿಮೆ. ಹಿಂದೆ ಇಂಗ್ಲೆಂಡಿನಲ್ಲಿ ಇಂಥ ರಿಮ್ಮಿಗೆಂದೇ ಚರ್ಮದ ಪಟ್ಟಿ ಕೂರಿಸಿದ ರಬ್ಬರುಗಳು ಬರುತ್ತಿದ್ದವು. ಈಗ ಮಳೆಗೆ ಹೆಸರಾದದ್ದು ಅಮೆರಿಕದ ಕೂಲ್ ಸ್ಟಾಪ್ ಕಂಪನಿಯ ಕಿತ್ತಳೆ-ಗುಲಾಬಿ ಬಣ್ಣದ ರಬ್ಬರ್.

ಕೊನೆಗೆ ನನ್ನ ಕಾರ್ಟಿನ ಹೊಸ ಬ್ರೇಕಿನ ವಿಷಯ. ಮಧ್ಯದ ಬೋಲ್ಟಿನಿಂದ ರಬ್ಬರಿನ ನಡುವಿಗೆ ದೊಡ್ಡಪ್ಪ ಅಳೆದರು: 62 ಮಿ.ಮೀ. ಈಗಿನ ಸಾಮಾನ್ಯ ರೋಡ್ ಬ್ರೇಕು ಇಳಿಯೋದು 39ರಿಂದ 49 ಮಿ.ಮೀ. ವರೆಗೆ, ಸ್ವಲ್ಪ ಉದ್ದದ್ದಾದರೆ 57. ಕೊಂಡಿದ್ದರೆ ರಿಮ್ಮನ್ನು ಮುಟ್ಟುತ್ತಲೇ ಇರಲಿಲ್ಲ, ಟೈರನ್ನು ಉಜ್ಜುತ್ತಿತ್ತು. ಕಾರ್ಟ್ ಖಾಲಿ ಮಾಡಿದೆ.

ಹಾಕುವಾಗ ಎಚ್ಚರ

ಆನ್‌ಲೈನಲ್ಲಿ ತರಿಸಿದ ರಬ್ಬರ್ ಬಂದ ಮೇಲೆ ಹಾಕಿದ್ದು ನಾನೇ, ಪಕ್ಕದಲ್ಲಿ ದೊಡ್ಡಪ್ಪ. ರಬ್ಬರ್ ಬೇರೆ, ಲೋಹದ ಹಿಡಿ ಬೇರೆ ಇದ್ದರೆ ಹಿಡಿಯ ಒಂದು ತುದಿ ತೆರೆದಿರುತ್ತೆ, ಇನ್ನೊಂದು ಮುಚ್ಚಿರುತ್ತೆ. ಮುಚ್ಚಿದ ತುದಿ ಸೈಕಲ್ ಹೋಗುವ ದಿಕ್ಕಿಗೇ ಇರಬೇಕು, ಮುಂದಿನ ಚಕ್ರಕ್ಕೂ ಹಿಂದಿನದಕ್ಕೂ. ತಿರುಗುಮುರುಗಾದರೆ ಬ್ರೇಕ್ ಹಿಡಿದಾಗ ರಬ್ಬರ್ ಜಾರಿ ಹೊರಗೆ ಬೀಳುತ್ತೆ. ರಬ್ಬರ್ ಪೂರ್ತಿ ರಿಮ್ಮಿನ ಮೇಲೇ ಕೂರಬೇಕು. ಮೇಲೆ ಹೋದರೆ ಟೈರ್ ಕೊಯ್ಯುತ್ತೆ, ಕೆಳಗಾದರೆ ಕಡ್ಡಿಗಳ ಕಡೆ ಜಾರುತ್ತೆ. ಮುಂದಿನ ತುದಿ ಕೂದಲೆಳೆಯಷ್ಟು ಮೊದಲು ತಾಗುವಂತೆ ಇಟ್ಟರೆ ಕಿರುಚಾಟ ಕಮ್ಮಿ.

ನನ್ನ ಈ ಪುರಾಣ ಕೇಳಿದ ಆಫೀಸಿನ ಗೆಳತಿ ಕುಣಿಗಲ್ಲಿನ ತಮ್ಮ ಮನೆಯಲ್ಲಿರೋ ತಾತನ ಸೈಕಲ್ ಫೋಟೋ ಕಳಿಸಿದಳು. ‘ಇದಕ್ಕೂ ಅದೇ ತರಿಸ್ಲಾ?’ ನೋಡಿದರೆ ಕೇಬಲ್ಲೇ ಇಲ್ಲ, ಸರಳಿನ ಬ್ರೇಕು. ಮಂಡಿಪೇಟೆಯಲ್ಲಿ ನನಗೆ ಕೊಟ್ಟಿದ್ದರಲ್ಲ, ಆ ರಬ್ಬರೇ ಅದಕ್ಕೆ ಸರಿ. ಕುಣಿಗಲ್ ಪೇಟೆಯಲ್ಲೇ ಐದು ನಿಮಿಷದಲ್ಲಿ ಸಿಕ್ಕಿತಂತೆ. ಅಂಗಡಿಯವರ ತಪ್ಪೇನೂ ಇರಲಿಲ್ಲ. ‘ಹಳೇ ಸೈಕಲ್’ ಅಂತಷ್ಟೇ ಕೇಳಿದ್ದು ನಾನು.

ನಿಮ್ಮ ಮನೆಯಲ್ಲೂ ಅಂಥದ್ದೊಂದು ಸೈಕಲ್ ಇದ್ದರೆ ಟೈರಿಗೆ ಗಾಳಿ ಹೊಡೆಸೋ ಮೊದಲು ರಬ್ಬರಿಗೆ ಉಗುರು ಒತ್ತಿ ನೋಡಿ. ಅಂಗಡಿಗೆ ಹೋಗುವಾಗ ಹಳೇ ರಬ್ಬರನ್ನೇ ಬಿಚ್ಚಿಕೊಂಡು ಹೋಗಿ. ಹೊಸದು ಹಾಕಿದ ಮೇಲೆ ಮೊದಲು ಸಮತಟ್ಟು ರಸ್ತೆಯಲ್ಲಿ ಪರೀಕ್ಷೆ ಮಾಡಿ.

ನಾನು ಪರೀಕ್ಷೆ ಮಾಡಿದ್ದು ಗುಬ್ಬಿಯಲ್ಲಿ, ದೊಡ್ಡಪ್ಪನ ಮನೆ ಬೀದಿಯಲ್ಲಿ. ಅವರು ರಸ್ತೆ ಮೇಲೆ ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆದರು: ಇಲ್ಲಿ ಹಿಡಿ, ಅಲ್ಲಿ ನಿಲ್ಲು. ಮೂರು ಸಲ ಗೆರೆಯೊಳಗೇ ನಿಂತೆ. ನಾಲ್ಕನೇ ಸಲ ರಿಮ್ಮಿಗೆ ಒಂದು ಚೊಂಬು ನೀರು ಸುರಿದು ‘ಈಗ ಬಾ’ ಅಂದರು. ಗೆರೆ ದಾಟಿ ಎರಡು ಮಾರು ಮುಂದೆ ಹೋದೆ.

‘ಮಳೆ ಬಂದಾಗ ದುರ್ಗಕ್ಕೆ ಹೋಗಬೇಡ’ ಅಂದರು ದೊಡ್ಡಪ್ಪ. ಹೋಗಿಲ್ಲ.