ಪರರ ಮಾತನ್ನು ಒಪ್ಪಿಸುವ ಬಗೆ



ಶರಣರ ಚರಿತ್ರೆ, ಆಚಾರ, ಅನುಭಾವಗಳನ್ನು ಕುರಿತು ಬರೆಯುವ ಈ ಪುಟಗಳಲ್ಲಿ ಇಂಗ್ಲಿಷ್ ವ್ಯಾಕರಣದ ಪಾಠವೇಕೆ ಎಂದು ತಾವು ಹುಬ್ಬೇರಿಸಬಹುದು. ಮಂಗಳೂರು ನಗರದ ಭಕ್ತರ ಮನೆಯೊಂದರಲ್ಲಿ ನಡೆದ ಸಂಗತಿಯನ್ನು ಕೇಳಿದ ಮೇಲೆ ಆ ಸಂಶಯ ತಮಗೆ ಉಳಿಯಲಾರದೆಂದು ನಂಬಿದ್ದೇವೆ.

ಹುಬ್ಬಳ್ಳಿಯ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಕುಟುಂಬವದು. ಆ ಮನೆಯ ಹಿರಿಯ ತಾಯಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ನಿಗದಿಯಾಗಿತ್ತು. ಹಿಂದಿನ ದಿನ ಸಂಜೆ ಆಕೆ ಒಂಬತ್ತನೆಯ ತರಗತಿಯಲ್ಲಿ ಓದುವ ಮೊಮ್ಮಗನನ್ನು ಕರೆದು, "ನಾಳೆ ನಂದು ಆಪರೇಷನ್ ಐತಿ, ಗಾಬರಿ ಆಗಬ್ಯಾಡ ಅಂತ ಅಕ್ಕಗ ತಿಳಸಪ್ಪಾ" ಎಂದಳು. ಅಕ್ಕನೆಂದರೆ ಅಮೆರಿಕದಲ್ಲಿರುವ ಮಗಳ ಮಗಳು. ಅಲ್ಲಿಯೇ ಹುಟ್ಟಿ ಬೆಳೆದು ಕನ್ನಡ ಓದಲು ಬಾರದವಳು. ಹುಡುಗನು ಕೂಡಲೇ ಮೊಬೈಲಿನಲ್ಲಿ, 'ಅಜ್ಜಿ ಸೆಡ್ ದಟ್ ಮೈ ಆಪರೇಷನ್ ಈಸ್ ಟುಮಾರೋ. ಡೋಂಟ್ ವರಿ' ಎಂದು ಬರೆದು ಕಳುಹಿಸಿದನು.

ಅದನ್ನೋದಿದ ಹುಡುಗಿಗೆ ತಿಳಿದದ್ದು ಒಂದೇ: ತಮ್ಮನಿಗೆ ಆಪರೇಷನ್! ಮಂಗಳೂರಿನಲ್ಲಿ ನಡುರಾತ್ರಿ ಎರಡು ಗಂಟೆಗೆ ಫೋನು ಮೊಳಗಿತು. ಮನೆಯವರೆಲ್ಲ ಎದ್ದರು. ಅರೆನಿದ್ರೆಯಲ್ಲಿದ್ದ ಅಜ್ಜಿಯ ಕಿವಿಗೆ ಮೊಮ್ಮಗನ ಹೆಸರೂ ಆಪರೇಷನ್ ಎಂಬ ಮಾತೂ ಒಟ್ಟಿಗೆ ಬಿದ್ದವು. ಅಷ್ಟೇ ಸಾಕಾಯಿತು. ವಿಷಯ ತಿಳಿಯಾಗುವಷ್ಟರಲ್ಲಿ ಆಕೆ ಅತ್ತು ಹಣ್ಣಾಗಿದ್ದಳು. ಬೆಳಿಗ್ಗೆ ಆಸ್ಪತ್ರೆಯಲ್ಲಿ ನೋಡಿದರೆ ರಕ್ತದೊತ್ತಡ ಏರಿತ್ತು. ವೈದ್ಯರು ಶಸ್ತ್ರಚಿಕಿತ್ಸೆಯನ್ನು ಒಂದು ವಾರ ಮುಂದೂಡಿದರು. ತಂದೆ ಮಗನನ್ನು ಚೆನ್ನಾಗಿ ಬಯ್ದು, ಎರಡು ದಿನಗಳ ತರುವಾಯ ನಮ್ಮಲ್ಲಿಗೆ ಕರೆತಂದರು.

ಹುಡುಗನು ಕಣ್ಣು ತುಂಬಿಕೊಂಡು, "ಅಜ್ಜಿ ಹೇಳಿದ್ದನ್ನ ಬರದೀನ್ರಿ ಅಜ್ಜಾರ. ಒಂದು ಮಾತೂ ಬದಲು ಮಾಡಿಲ್ರಿ" ಎಂದನು.

ಅವನ ಮಾತು ಸತ್ಯವಾಗಿತ್ತು. ಬದಲು ಮಾಡದಿದ್ದುದೇ ದೋಷವಾಗಿತ್ತು.

ಒಬ್ಬರ ಮಾತನ್ನು ಇನ್ನೊಬ್ಬರಿಗೆ ಒಪ್ಪಿಸಲು ಇಂಗ್ಲಿಷ್ ನುಡಿಯಲ್ಲಿ ಎರಡು ದಾರಿಗಳಿವೆ. ಆಡಿದ ಮಾತನ್ನು ಆಡಿದಂತೆಯೇ ಉದ್ಧರಣ ಚಿಹ್ನೆಗಳೊಳಗೆ ಇಡುವುದು ಒಂದು. ಇದೇ 'ಡೈರೆಕ್ಟ್ ಸ್ಪೀಚ್', ಅಂದರೆ ನೇರ ಮಾತು. ಮಾತಿನ ಅರ್ಥವನ್ನು ನಮ್ಮ ಬಾಯಿಂದ ತಿಳಿಸುವುದು ಇನ್ನೊಂದು. ಅದು 'ಇನ್‌ಡೈರೆಕ್ಟ್ ಸ್ಪೀಚ್', ಪರೋಕ್ಷ ಮಾತು. ಮೊದಲನೆಯದರಲ್ಲಿ ಶಬ್ದಕ್ಕೆ ನಿಷ್ಠೆ. ಎರಡನೆಯದರಲ್ಲಿ ಅರ್ಥಕ್ಕೆ ನಿಷ್ಠೆ. ನಮ್ಮ ಹುಡುಗನು 'ದಟ್' ಎಂದು ಬರೆದು ಎರಡನೆಯ ದಾರಿಗೆ ಕಾಲಿಟ್ಟನು; ಆದರೆ 'ಮೈ' ಎಂಬ ಅಜ್ಜಿಯ ಶಬ್ದವನ್ನು ಹಾಗೆಯೇ ಉಳಿಸಿಕೊಂಡನು. ಅಜ್ಜಿಯ ಬಾಯಲ್ಲಿ 'ನಂದು' ಎಂದರೆ ಅಜ್ಜಿಯದು. ಅದೇ ಶಬ್ದ ಮೊಮ್ಮಗನ ಬಾಯಿಗೆ ಬಂದೊಡನೆ ಮೊಮ್ಮಗನದಾಯಿತು.

ನಮ್ಮ ನುಡಿಗಳ ರೀತಿ

ಈ ತಪ್ಪಿಗೆ ಹುಡುಗನ ಸೋಮಾರಿತನ ಕಾರಣವಲ್ಲ. ನಮ್ಮ ನುಡಿಗಳ ಸ್ವಭಾವವೇ ಕಾರಣ. ಕನ್ನಡದಲ್ಲಿ "ನಾನು ನಾಳೆ ಬರುತ್ತೇನೆ ಎಂದು ಅವನು ಹೇಳಿದನು" ಎಂದರೆ ಬರುವವನು ಅವನೇ ಎಂದು ಕೇಳಿದವರಿಗೆಲ್ಲ ತಿಳಿಯುತ್ತದೆ. 'ಎಂದು' ಎಂಬ ಪುಟ್ಟ ಶಬ್ದವು ಉದ್ಧರಣ ಚಿಹ್ನೆಯ ಕೆಲಸವನ್ನು ತಾನೇ ಮಾಡಿಬಿಡುತ್ತದೆ. ಮಠದ ಪಾಠಶಾಲೆಯಲ್ಲಿ ನಾವು ಕಲಿತ ಸಂಸ್ಕೃತದಲ್ಲಿ 'ಇತಿ' ಎಂಬುದು ಇದೇ ಕಾರ್ಯವನ್ನು ನಿರ್ವಹಿಸುತ್ತದೆ. ಮಂಗಳೂರಿನ ಪೇಟೆಯಲ್ಲಿ ಕಿವಿಗೊಟ್ಟರೆ ತುಳುವಿನಲ್ಲಿ 'ಪಂಡ್‌ದ್' ಎಂದೂ ಕೊಂಕಣಿಯಲ್ಲಿ 'ಮ್ಹಣ್' ಎಂದೂ ಇಂಥದೇ ಶಬ್ದಗಳು ಕೇಳಿಬರುತ್ತವೆ. ಆದುದರಿಂದ ಈ ನಗರದಲ್ಲಿ ಮಗುವಿನ ಮನೆಮಾತು ಕನ್ನಡವಾಗಲಿ, ತುಳುವಾಗಲಿ, ಕೊಂಕಣಿಯಾಗಲಿ, ಇಂಗ್ಲಿಷಿನ ಈ ಪಾಠದಲ್ಲಿ ಎಡವುವ ಕಲ್ಲು ಒಂದೇ. 'ಎಂದು' ಎಂಬುದನ್ನು 'ದಟ್' ಎಂದು ತಿಳಿಯುವುದೇ ಆ ಕಲ್ಲು. 'ದಟ್' ಎಂಬುದಕ್ಕೆ 'ಎಂದು' ಎಂಬುದರ ಶಕ್ತಿ ಇಲ್ಲ. ಅದರ ಮುಂದೆ ಬರುವ ಪ್ರತಿಯೊಂದು ಶಬ್ದವೂ ವರದಿ ಮಾಡುವವನದೇ ಎಂದು ಇಂಗ್ಲಿಷ್ ಬಲ್ಲವರು ಎಣಿಸುತ್ತಾರೆ.

ಹಾಗೆಂದು ಪರೋಕ್ಷ ಮಾತು ಕನ್ನಡಕ್ಕೆ ಅಪರಿಚಿತವೇನೂ ಅಲ್ಲ. "ತಾನು ಬರುವುದಾಗಿ ಹೇಳಿದನು" ಎಂಬ ವಾಕ್ಯವನ್ನು ನೋಡಿರಿ. 'ನಾನು' ಎಂಬುದು 'ತಾನು' ಆಯಿತು; 'ಬರುತ್ತೇನೆ' ಎಂಬುದು 'ಬರುವುದಾಗಿ' ಎಂದಾಯಿತು. ವೃತ್ತಪತ್ರಿಕೆಗಳಲ್ಲಿ "ಕ್ರಮ ಕೈಗೊಳ್ಳುವುದಾಗಿ ಸಚಿವರು ತಿಳಿಸಿದರು" ಎಂದು ನಾವು ದಿನವೂ ಓದುವುದು ಇದನ್ನೇ. ಪರರ ಮಾತನ್ನು ಅಚ್ಚಿನಲ್ಲಿ ಒಪ್ಪಿಸುವ ಈ ಉದ್ಯೋಗ ಕನ್ನಡದಲ್ಲಿ ಮೊದಲಾದದ್ದೂ ಈ ಊರಿನಲ್ಲಿಯೇ. 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಅವರು ಇಲ್ಲಿ ಹೊರಡಿಸಿದ 'ಮಂಗಳೂರ ಸಮಾಚಾರ'ವು ಕನ್ನಡದ ಮೊದಲ ಪತ್ರಿಕೆ ಎಂಬುದು ಸರ್ವವಿದಿತ. 1894ರಲ್ಲಿ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚಾದದ್ದೂ ಇಲ್ಲಿಯೇ. ಕಡಲಾಚೆಯಿಂದ ಬಂದವರು ನಮ್ಮ ನುಡಿಯ ಒಳಮರ್ಮಗಳನ್ನು ಅಷ್ಟು ಶ್ರದ್ಧೆಯಿಂದ ಕಲಿತ ಊರಿನಲ್ಲಿ, ಅವರ ಕಡೆಯ ನುಡಿಯೊಂದರ ಮರ್ಮವನ್ನು ನಮ್ಮ ಮಕ್ಕಳು ಕಲಿಯಲಾರರೇ?

ಮೂರು ಪಲ್ಲಟಗಳು

ಶಾಲೆಯ ಪುಸ್ತಕಗಳಲ್ಲಿ ಈ ನಿಯಮಗಳು ಉದ್ದನೆಯ ಪಟ್ಟಿಯಾಗಿ ಬರುತ್ತವೆ. ಮಕ್ಕಳು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆ ಮುಗಿದೊಡನೆ ಮರೆಯುತ್ತಾರೆ. ವಾಸ್ತವವಾಗಿ ಅಲ್ಲಿರುವ ತತ್ತ್ವ ಒಂದೇ. ಮಾತಾಡಿದವನಿಗೆ ತನ್ನದೇ ಆದ 'ನಾನು', 'ಈಗ', 'ಇಲ್ಲಿ' ಇರುತ್ತವೆ. ಒಪ್ಪಿಸುವವನ 'ನಾನು', 'ಈಗ', 'ಇಲ್ಲಿ' ಬೇರೆ. ಮಾತನ್ನು ಒಬ್ಬನ ನೆಲೆಯಿಂದ ಇನ್ನೊಬ್ಬನ ನೆಲೆಗೆ ತರುವಾಗ ಈ ಮೂರೂ ಪಲ್ಲಟವಾಗಬೇಕು.

'ನಾನು' ಎಂಬುದರ ಪಲ್ಲಟ ಮೊದಲನೆಯದು. ಅಜ್ಜಿಯ 'ಮೈ' ಮೊಮ್ಮಗನ ಬರಹದಲ್ಲಿ 'ಹರ್' ಆಗಬೇಕು. ಇಲ್ಲಿ ಒಂದು ಎಚ್ಚರ ಅಗತ್ಯ. ನಮ್ಮ 'ತಾನು' ಮಾತಾಡಿದವರನ್ನೇ ಬೆರಳಿಟ್ಟು ತೋರಿಸುತ್ತದೆ. ಇಂಗ್ಲಿಷಿನಲ್ಲಿ ಅಂಥ ಶಬ್ದವಿಲ್ಲ. 'ಅಜ್ಜಿ ಟೋಲ್ಡ್ ಅತ್ತೆ ದಟ್ ಶಿ ವಾಸ್ ವೀಕ್' ಎಂದರೆ ನಿತ್ರಾಣಳಾದವಳು ಅಜ್ಜಿಯೋ ಅತ್ತೆಯೋ ತಿಳಿಯದು. ಅಂಥಲ್ಲಿ ಹೆಸರನ್ನೇ ಬರೆಯುವುದು ಲೇಸು.

'ಈಗ' ಎಂಬುದರ ಪಲ್ಲಟ ಎರಡನೆಯದು. 'ಸೆಡ್' ಎಂಬ ಭೂತಕಾಲದ ಕ್ರಿಯಾಪದ ಮುಂದೆ ನಿಂತರೆ ಒಳಗಿನ ಕ್ರಿಯಾಪದವೂ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ಎತ್ತು ಹಿಂದೆ ಸರಿದರೆ ಬಂಡಿಯೂ ಸರಿಯುವಂತೆ. 'ಈಸ್' ಎಂಬುದು 'ವಾಸ್', 'ವಿಲ್' ಎಂಬುದು 'ವುಡ್', 'ಕ್ಯಾನ್' ಎಂಬುದು 'ಕುಡ್', 'ವೆಂಟ್' ಎಂಬುದು 'ಹ್ಯಾಡ್ ಗಾನ್' ಆಗುತ್ತದೆ. ಹೇಳುವ ಕ್ರಿಯಾಪದವು 'ಸೆಯ್ಸ್' ಎಂದು ವರ್ತಮಾನದಲ್ಲಿದ್ದರೆ ಈ ಸರಿಯುವಿಕೆ ಇಲ್ಲ. ಸೂರ್ಯನು ಪೂರ್ವದಲ್ಲಿ ಉದಯಿಸುತ್ತಾನೆಂಬಂಥ ನಿತ್ಯಸತ್ಯವನ್ನೂ ವರ್ತಮಾನದಲ್ಲಿಯೇ ಉಳಿಸಬಹುದು. ಕಾಲವಾಚಕ ಶಬ್ದಗಳೂ ಇದರೊಂದಿಗೆ ಬದಲಾಗುತ್ತವೆ: 'ಟುಡೇ' ಎಂಬುದು 'ದಟ್ ಡೇ', 'ಟುಮಾರೋ' ಎಂಬುದು 'ದ ನೆಕ್ಸ್ಟ್ ಡೇ', 'ಯೆಸ್ಟರ್‌ಡೇ' ಎಂಬುದು 'ದ ಡೇ ಬಿಫೋರ್'.

'ಇಲ್ಲಿ' ಎಂಬುದು ಮೂರನೆಯದು. 'ಹಿಯರ್' ಎಂಬುದು 'ದೇರ್' ಆಗುತ್ತದೆ. 'ದಿಸ್' ಎಂಬುದು 'ದಟ್' ಆಗುತ್ತದೆ.

ಇವುಗಳನ್ನು ಕಣ್ಣು ಮುಚ್ಚಿ ಬದಲಿಸಬೇಕೆಂದೇನೂ ಇಲ್ಲ. ಅದೇ ದಿನ, ಅದೇ ಮನೆಯಲ್ಲಿ ನಿಂತು ಒಪ್ಪಿಸುವಾಗ 'ಟುಮಾರೋ' 'ಟುಮಾರೋ' ಆಗಿಯೇ ಇರಬಹುದು. 'ಹಿಯರ್' ಕೂಡ ಹಾಗೆಯೇ. ಆದರೆ ಕಳುಹಿಸಿದ ಸಂದೇಶವನ್ನು ಅವರು ಯಾವಾಗ ಓದುವರೋ ಯಾರು ಬಲ್ಲರು? ಇಲ್ಲಿ ಸಂಜೆಯಾದಾಗ ಅಮೆರಿಕದಲ್ಲಿ ಬೆಳಿಗ್ಗೆ. ಆದುದರಿಂದ ದೂರದವರಿಗೆ ಬರೆಯುವಾಗ ವಾರವನ್ನೋ ತಾರೀಖನ್ನೋ ಬರೆಯಬೇಕೆಂದು ನಾವು ಹುಡುಗನಿಗೆ ಹೇಳಿದೆವು.

ಪ್ರಶ್ನೆಯೂ ಅಪ್ಪಣೆಯೂ

ಪ್ರಶ್ನೆಯನ್ನು ಒಪ್ಪಿಸುವಾಗ ಅದು ಪ್ರಶ್ನೆಯ ರೂಪವನ್ನು ಕಳಚಿಕೊಳ್ಳುತ್ತದೆ. 'ವೇರ್ ಆರ್ ಯು ಗೋಯಿಂಗ್?' ಎಂದು ನಮ್ಮನ್ನು ಕೇಳಿದ್ದನ್ನು 'ಹಿ ಆಸ್ಕ್ಡ್ ಮಿ ವೇರ್ ಐ ವಾಸ್ ಗೋಯಿಂಗ್' ಎನ್ನಬೇಕು; 'ವೇರ್ ವಾಸ್ ಐ ಗೋಯಿಂಗ್' ಎಂದು ಪದವೀಧರರೂ ಬರೆಯುವುದುಂಟು. ಹೌದು ಅಥವಾ ಅಲ್ಲ ಎಂಬ ಉತ್ತರ ಬೇಡುವ ಪ್ರಶ್ನೆಗೆ 'ಇಫ್' ಇಲ್ಲವೆ 'ವೆದರ್' ಸೇರುತ್ತದೆ. ನಮ್ಮ "ಬರುವನೋ ಇಲ್ಲವೋ ಎಂದು ಕೇಳಿದರು" ಎಂಬಲ್ಲಿಯ 'ಓ'ಕಾರದಂತೆ.

ಅಪ್ಪಣೆಯ ಮಾತಿಗೆ 'ಟು' ಸೇರಿಸಿದರೆ ಸಾಕು. ಕನ್ನಡದ "ಬರಲು ಹೇಳಿದರು" ಎಂಬ ರಚನೆಗೆ ಇದು ತೀರ ಸಮೀಪ. ಆದರೆ ಹೇಳಿದರು ಎಂಬುದಕ್ಕೆ ಯಾವ ಶಬ್ದ? 'ಆರ್ಡರ್ಡ್' ಎಂದರೆ ಆಜ್ಞಾಪಿಸಿದರು. 'ಆಸ್ಕ್ಡ್' ಎಂದರೆ ಹೇಳಿ ಕೇಳಿಕೊಂಡರು. 'ರಿಕ್ವೆಸ್ಟೆಡ್' ಎಂದರೆ ವಿನಂತಿಸಿದರು. 'ಬೆಗ್ಡ್' ಎಂದರೆ ಅಂಗಲಾಚಿದರು. ಅತ್ತೆಯು ಅಕ್ಕರೆಯಿಂದ "ಹಬ್ಬಕ್ಕ ಬಾರವ್ವಾ" ಎಂದುದನ್ನು 'ಆರ್ಡರ್ಡ್' ಎಂದು ಬರೆದರೆ ವ್ಯಾಕರಣವೇನೋ ಶುದ್ಧವೇ. ಸಂಬಂಧ ಮಾತ್ರ ಕೆಟ್ಟಿತು. ಆ 'ಅವ್ವಾ' ಎಂಬುದರಲ್ಲಿದ್ದ ಅಕ್ಕರೆ ಒಪ್ಪಿಸುವವನು ಆರಿಸುವ ಆ ಒಂದು ಕ್ರಿಯಾಪದದಲ್ಲಿ ಉಳಿಯಬೇಕು, ಇಲ್ಲವೇ ಅಳಿಯಬೇಕು. ಇಂಗ್ಲಿಷೇ ಏಕೆ, ಕನ್ನಡದಲ್ಲಿಯೂ ತವರುಮನೆಯ ಮಾತನ್ನು ಗಂಡನ ಮನೆಗೆ, ಅಣ್ಣನ ಮಾತನ್ನು ತಮ್ಮನಿಗೆ ಒಯ್ಯುವವರು "ಹೇಳಿದರು" ಎಂಬಲ್ಲಿ "ಹಂಗಿಸಿದರು" ಎಂದು ಒಂದೇ ಶಬ್ದ ತಿರುಚಿ ಎಷ್ಟು ಮನೆಗಳನ್ನು ಒಡೆದಿಲ್ಲ!

ಶರಣರ ವಾಣಿ

ಬದಲಿಸಿ ಹೇಳಬಾರದ ಮಾತುಗಳೂ ಉಂಟು. ವಚನಗಳು ಅಂಥವು. ಬಸವಣ್ಣನವರು ಕೂಡಲಸಂಗಮದೇವನನ್ನೂ, ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನನ್ನೂ ಎದುರಿಗೆ ನಿಲ್ಲಿಸಿಕೊಂಡೇ ಮಾತಾಡಿದವರು. ಆ ಸಂಬೋಧನೆಯೇ ವಚನದ ಪ್ರಾಣ. ಪರೋಕ್ಷ ಮಾತಿನ ನಿಯಮದಂತೆ 'ದೇವರನ್ನು ಸಂಬೋಧಿಸಿ ತನ್ನ ದುಃಖವನ್ನು ವ್ಯಕ್ತಪಡಿಸಿದರು' ಎಂದು ಮಾರ್ಪಡಿಸಿದರೆ ಅಲ್ಲಿ ಸುದ್ದಿ ಉಳಿಯುತ್ತದೆ, ಭಕ್ತಿ ಉಳಿಯುವುದಿಲ್ಲ. ಹದಿನೈದನೆಯ ಶತಮಾನದಲ್ಲಿ ಶೂನ್ಯಸಂಪಾದನೆಯನ್ನು ಮೊದಲು ಸಂಕಲಿಸಿದ ಶಿವಗಣಪ್ರಸಾದಿ ಮಹಾದೇವಯ್ಯನವರು ಈ ಮರ್ಮವನ್ನು ಬಲ್ಲವರಾಗಿದ್ದರು. ಶರಣರ ಸಂವಾದವನ್ನು ಜೋಡಿಸುವಾಗ ನಡುನಡುವೆ ತಮ್ಮ ಗದ್ಯವನ್ನು ಸೇರಿಸಿದರು. ಶರಣರ ಮಾತನ್ನು ಮಾತ್ರ ಅವರವರ ವಚನಗಳಲ್ಲಿಯೇ ಕೇಳಿಸಿದರು. ಓಲೆಗರಿಗಳನ್ನು ಮನೆಮನೆಯಿಂದ ಕೂಡಿಹಾಕಿ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಬೆಳಕಿಗೆ ತಂದ ಫ. ಗು. ಹಳಕಟ್ಟಿಯವರು ಬಾಳನ್ನು ಸವೆಸಿದ್ದು ಶರಣರ ಶಬ್ದಗಳು ನಮಗೆ ದೊರೆಯಲೆಂದೇ ಅಲ್ಲವೇ?

ಹೀಗಿದ್ದೂ ನಮ್ಮ ಸಭೆಗಳಲ್ಲಿ "ಬಸವಣ್ಣನವರು ಹೀಗೆ ಹೇಳಿದ್ದಾರೆ" ಎಂದು ಆರಂಭಿಸಿ ತಮ್ಮ ಅಭಿಪ್ರಾಯವನ್ನೇ ಹೇಳಿ ಮುಗಿಸುವವರನ್ನು ಕಾಣುತ್ತೇವೆ. ನಾವೂ ಪ್ರವಚನದ ಆವೇಶದಲ್ಲಿ ಹಾಗೆ ಮಾಡಿಲ್ಲವೆಂದು ಎದೆ ಮುಟ್ಟಿ ಹೇಳಲಾರೆವು. ವಚನವನ್ನು ಹೇಳುವುದಾದರೆ ಪೂರ್ಣವಾಗಿ, ಅಂಕಿತಸಹಿತ ಹೇಳಬೇಕು. ಭಾವವನ್ನು ಹೇಳುವುದಾದರೆ ಇದು ನಾವು ತಿಳಿದ ಭಾವವೆಂದು ಒಪ್ಪಿಕೊಳ್ಳಬೇಕು. ನಮ್ಮ 'ನಾನು' ಶರಣರ 'ನಾನು' ಎಂಬುದರ ವೇಷ ಧರಿಸಬಾರದು. ಒಂಬತ್ತನೆಯ ತರಗತಿಯ ಹುಡುಗನು ತಿಳಿಯದೆ ಮಾಡಿದ ದೋಷವನ್ನು ನಾವು ತಿಳಿದೂ ಮಾಡಿದರೆ ಅದಕ್ಕೆ ಕ್ಷಮೆಯಿಲ್ಲ.

ತಾಯಂದಿರಲ್ಲಿ ನಮ್ಮ ವಿನಂತಿ ಇಷ್ಟು. ದಿನವೂ ಸಂಜೆ ಮಗುವನ್ನು ಕೂರಿಸಿಕೊಂಡು, ಅಜ್ಜ ಅಜ್ಜಿಯರು ಅಂದು ಆಡಿದ ಒಂದು ಮಾತನ್ನು ಎರಡೂ ಬಗೆಯಲ್ಲಿ ಹೇಳಿಸಿರಿ: ಮೊದಲು ಕನ್ನಡದಲ್ಲಿ 'ನಾನು' ಎಂದು, ಬಳಿಕ 'ತಾನು' ಎಂದು, ಅನಂತರ ಇಂಗ್ಲಿಷಿನಲ್ಲಿ. 'ತಾನು' ಹಿಡಿಸಿದ ಮಗುವಿಗೆ 'ಹಿ', 'ಶಿ' ಕಷ್ಟವಾಗವು. ಹಿರಿಯರ ಮಾತಿಗೆ ಕಿವಿಗೊಡುವ ಅಭ್ಯಾಸವೂ ಅದರೊಂದಿಗೆ ಬಂದೀತು.

ಒಂದು ವಾರದ ತರುವಾಯ ಆ ತಾಯಿಯ ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ನೆರವೇರಿತು. ಕಣ್ಣಿನ ಪಟ್ಟಿ ಬಿಚ್ಚಿದ ದಿನ ಹುಡುಗನು ಅಕ್ಕನಿಗೆ, 'ಅಜ್ಜಿ ಸೆಯ್ಸ್ ಶಿ ಕ್ಯಾನ್ ಸೀ ಕ್ಲಿಯರ್ಲಿ ನೌ' ಎಂದು ಬರೆದು, ಕಳುಹಿಸುವ ಮೊದಲು ನಮಗೆ ತೋರಿಸಲು ಬಂದನು. 'ಸೆಯ್ಸ್' ಇರುವುದರಿಂದ 'ಕ್ಯಾನ್' ಬದಲಾಗಬೇಕಿಲ್ಲವೆಂದು ತಾನೇ ವಿವರಿಸಿದನು. ಮನೆಗೆ ಹೋದಾಗ ಅಜ್ಜಿ, "ಏನಂತ ಬರದೆಪ್ಪಾ ಈ ಸಲ?" ಎಂದು ಕೇಳಿದಳಂತೆ. ಅವನು, "ಅಜ್ಜಿ ತನಗೀಗ ಚಲೋ ಕಾಣಸ್ತೈತಿ ಅಂತಾಳ, ಅಂತ ಬರದೀನಿ" ಎಂದನಂತೆ.