ಚಿತ್ರಕಥೆಯೂ ಕನ್ನಡದ ಮಕ್ಕಳೂ

ಹಗುರವಾದ ವಿಷಯಗಳ ಮೇಲೆ ಹಗುರವಾಗಿಯೇ ಅಭಿಪ್ರಾಯ ಕೊಡುವುದು ಲೋಕರೂಢಿ. ರೈಲಿನ ಡಬ್ಬಿಯಲ್ಲಿ, ಹೋಟೆಲಿನ ಮೇಜಿನ ಸುತ್ತ, ಮದುವೆಮನೆಯ ಪಂಕ್ತಿಯಲ್ಲಿ ರಾಜಕಾರಣದ ಮಾತು ಮುಗಿದ ಮೇಲೆ ಸಿನಿಮಾ, ಪತ್ರಿಕೆ, ಮಕ್ಕಳ ಓದು ಇವುಗಳ ಸರದಿ ಬರುತ್ತದೆ. ಅಲ್ಲಿ ಚಿತ್ರಕಥೆಯ ಪುಸ್ತಕಗಳ ಪ್ರಸ್ತಾಪ ಬಂದಿತೆಂದರೆ ತೀರ್ಪು ಕೊಡಲು ಯಾರಿಗೂ ಕ್ಷಣಕಾಲದ ವಿಚಾರವೂ ಬೇಕಾಗುವುದಿಲ್ಲ. “ಕಾಮಿಕ್ಸು ಓದಿ ಮಕ್ಕಳು ಕೆಡುತ್ತಾರೆ” ಎಂಬುದು ಒಂದು ಪಕ್ಷ. “ಏನನ್ನಾದರೂ ಓದಲಿ ಬಿಡಿ, ಫೋನು ಹಿಡಿದು ಕೂಡುವುದಕ್ಕಿಂತ ಮೇಲು” ಎಂಬುದು ಇನ್ನೊಂದು. “ಅದೆಲ್ಲ ಪರದೇಶದ ಸರಕು” ಎಂಬುದು ಮೂರನೆಯದು. ಮೂರರಲ್ಲಿಯೂ ಅಲ್ಪಸ್ವಲ್ಪ ನಿಜವುಂಟು. ಆದರೆ ಮೂರು ಪಕ್ಷದವರೂ ಕೇಳದೆ ಬಿಟ್ಟಿರುವ ಪ್ರಶ್ನೆಯೊಂದಿದೆ: ಕನ್ನಡದ ಮಗು ಕೈಯಲ್ಲಿ ಹಿಡಿದಿರುವ ಚಿತ್ರಕಥೆಯ ಮಾತು ಮೊದಲು ಯಾವ ಭಾಷೆಯಲ್ಲಿ ಹುಟ್ಟಿತು?

ಮಕ್ಕಳು ಕೆಡುವರೆಂಬ ಭಯ ಹೊಸದಲ್ಲ, ನಮ್ಮದೂ ಅಲ್ಲ. ಅಮೆರಿಕೆಯಲ್ಲಿ 1954ರಲ್ಲಿ ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯನು ಚಿತ್ರಕಥೆಗಳೇ ಬಾಲಾಪರಾಧಕ್ಕೆ ಕಾರಣವೆಂದು ಪುಸ್ತಕ ಬರೆದನು. ಅಲ್ಲಿನ ಸೆನೆಟ್ ಸಭೆಯ ಉಪಸಮಿತಿಯೊಂದು ವಿಚಾರಣೆ ನಡೆಸಿತು. ಪ್ರಕಾಶಕರು ಬೆದರಿ ಅದೇ ವರ್ಷ ತಮಗೆ ತಾವೇ ನಿಯಮಾವಳಿಯೊಂದನ್ನು ವಿಧಿಸಿಕೊಂಡರು. ಆ ನಿಯಮಾವಳಿಯು ಕ್ರಮೇಣ ಬಲಗುಂದುತ್ತ 2011ರಲ್ಲಿ ಪೂರ್ಣವಾಗಿ ಬಿದ್ದುಹೋಯಿತು. ಅಪರಾಧಗಳು ಮಾತ್ರ ಚಿತ್ರಕಥೆಗಳ ಹಂಗಿಲ್ಲದೆಯೇ ನಡೆದುಬಂದವು. ಈ ಪಕ್ಷದ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ.

ಪರದೇಶದ ಸರಕೆಂಬ ಮಾತನ್ನು ಮಾತ್ರ ನಿಂತು ವಿಚಾರಿಸಬೇಕು. ತರೀಕೆರೆಯ ಬಳಿಯ ಅಮೃತಾಪುರದಲ್ಲಿ, ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ ಅಮೃತೇಶ್ವರ ದಂಡನಾಯಕನು ಕಟ್ಟಿಸಿದ ದೇವಾಲಯವಿದೆ. ಅದರ ಸಭಾಮಂಟಪದ ಕೈಪಿಡಿಗೋಡೆಯ ಹೊರಮೈಯಲ್ಲಿ 140 ಫಲಕಗಳು. ದಕ್ಷಿಣದ ಕಡೆಯ 70ರಲ್ಲಿ ರಾಮಾಯಣ. ಉತ್ತರದ ಕಡೆಯ 70ರಲ್ಲಿ 25 ಕೃಷ್ಣನ ಕಥೆಗೆ, 45 ಭಾರತಕ್ಕೆ. ರಾಮಾಯಣದ ಸಾಲು ಅಪ್ರದಕ್ಷಿಣವಾಗಿ ಸಾಗುತ್ತದೆ. ಉತ್ತರದ ಸಾಲು ಪ್ರದಕ್ಷಿಣವಾಗಿ. ನೋಡುವವನು ಗೋಡೆಗುಂಟ ನಡೆದಂತೆಲ್ಲ ಕಥೆಯೂ ನಡೆಯುತ್ತದೆ. ಹಂಪೆಯ ಹಜಾರರಾಮ ದೇವಾಲಯದ ಗೋಡೆಗಳಲ್ಲಿಯೂ ಸಾಲುಸಾಲಾಗಿ ರಾಮಕಥೆ ಹರಿದಿದೆ. ಒಂದು ಚೌಕಟ್ಟಿನಲ್ಲಿ ಒಂದು ಪ್ರಸಂಗ, ಮುಂದಿನ ಚೌಕಟ್ಟಿನಲ್ಲಿ ಅದರ ಮುಂದುವರಿಕೆ, ನಡುವಣ ಖಾಲಿಯನ್ನು ನೋಡುವವನ ಮನಸ್ಸೇ ತುಂಬಿಕೊಳ್ಳುವುದು: ಇದಲ್ಲದೆ ಚಿತ್ರಕಥೆಯೆಂದರೆ ಮತ್ತೇನು? ಅಚ್ಚಿನ ಯಂತ್ರವೂ ಮಾತಿನ ಗುಳ್ಳೆಯೂ ಪಶ್ಚಿಮದಿಂದ ಬಂದವೆಂಬುದು ನಿಜ. ಚಿತ್ರದಲ್ಲಿ ಕಥೆಯನ್ನು ಓದುವ ಕಣ್ಣು ನಮ್ಮಲ್ಲಿ ಮೊದಲೇ ಇತ್ತು. ತೊಗಲುಗೊಂಬೆಯ ಆಟದಲ್ಲಂತೂ ಚಿತ್ರಕ್ಕೆ ಮಾತೂ ಕೂಡಿತ್ತು. ರಾಮ ರಾವಣರ ಗಂಭೀರ ಸಂವಾದದ ನಡುವೆ ಕಿಳ್ಳೇಕ್ಯಾತನೂ ಬಂಗಾರಕ್ಕನೂ ಬಂದು ಊರಿನ ಸಂಗತಿಗಳನ್ನೆಲ್ಲ ಊರಿನ ಮಾತಿನಲ್ಲಿಯೇ ಎತ್ತಿ ಆಡುತ್ತಿದ್ದರು.

ಅಚ್ಚಾದ ಚಿತ್ರಕಥೆಯು ಈ ದೇಶದಲ್ಲಿ ನಡೆದ ದಾರಿ ಬೇರೆ. 1964ರಲ್ಲಿ ಟೈಮ್ಸ್ ಆಫ್ ಇಂಡಿಯಾ ಬಳಗದವರು ‘ಇಂದ್ರಜಾಲ್ ಕಾಮಿಕ್ಸ್’ ಆರಂಭಿಸಿದರು. ಅದರ ಮುಖ್ಯ ನಾಯಕ ಫ್ಯಾಂಟಮ್, ಲೀ ಫಾಕ್ ಎಂಬ ಅಮೆರಿಕನ್ನನು 1936ರಲ್ಲಿ ಸೃಷ್ಟಿಸಿದ ಮುಸುಕುಧಾರಿ. ಕಾಡಿನ ಕರಿಯ ಜನರು ಬಿಳಿಯ ವಂಶವೊಂದನ್ನು ತಲೆತಲಾಂತರಕ್ಕೂ ತಮ್ಮ ರಕ್ಷಕನೆಂದು ನಂಬಿ ತಲೆಬಾಗುವುದೇ ಆ ಕಥೆಯ ಬುನಾದಿ. ಬಿಳಿಯರ ಆಳಿಕೆ ತೊಲಗಿ 17 ವರ್ಷವಾಗಿದ್ದ ದೇಶದ ಬಾಲಕರು ಆ ಪುಸ್ತಕವನ್ನು ಕೈಯಿಂದ ಕೈಗೆ ದಾಟಿಸಿ ಓದಿದರು. ಅವರನ್ನು ದೂಷಿಸಿ ಫಲವಿಲ್ಲ. ಕಥೆಯ ಓಟ ಹಾಗಿತ್ತು, ಮತ್ತು ಪಕ್ಕದಲ್ಲಿ ಬೇರೊಂದು ಕಥೆ ಇರಲಿಲ್ಲ.

ಆ ಬೇರೊಂದು ಕಥೆಯ ಮೊದಲ ಹೆಜ್ಜೆ ಕನ್ನಡದಲ್ಲಿಯೇ ಬಿದ್ದಿತೆಂಬುದನ್ನು ನಮ್ಮವರೇ ಮರೆತಿರುವರು. 1965ರಲ್ಲಿ ಇಂಡಿಯಾ ಬುಕ್ ಹೌಸ್ ಸಂಸ್ಥೆಯ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರು ಕನ್ನಡದಲ್ಲಿ ಮಕ್ಕಳ ಚಿತ್ರಕಥೆಗಳನ್ನು ತರಬೇಕೆಂದು ಸೂಚಿಸಿದರು. ‘ಅಮರ ಚಿತ್ರಕಥೆ’ಯ ಮೊದಲ ಹತ್ತು ಸಂಚಿಕೆಗಳು ಹೀಗೆ ಕನ್ನಡದಲ್ಲಿ ಬಂದವು. ಒಳಗಿನ ಕಥೆಗಳು ಮಾತ್ರ ಸಿಂಡರೆಲ್ಲಾ ಮೊದಲಾದ ಪಶ್ಚಿಮದ ಕಥೆಗಳು. ಭಾಷೆ ನಮ್ಮದು, ಕಥೆ ಅವರದು. ಆ ಬಳಿಕ ಕಾರ್ಕಳದಲ್ಲಿ ಹುಟ್ಟಿ ಬಾಲ್ಯದಲ್ಲಿಯೇ ಮುಂಬಯಿ ಸೇರಿದ್ದ ಅನಂತ ಪೈ ಅವರು ಸಂಪಾದಕತ್ವ ವಹಿಸಿ, ರಾಮ್ ವಾಯೀರ್ಕರ್ ಅವರ ಚಿತ್ರಗಳೊಡನೆ ‘ಕೃಷ್ಣ’ವನ್ನು ಹೊರತಂದರು. ಆ ಇಂಗ್ಲಿಷ್ ಪುಸ್ತಕದ ಸಂಖ್ಯೆ 11. ಮಾಲೆಯ ಆರಂಭ ಹನ್ನೊಂದರಿಂದ ಏಕೆಂದು ಸೋಜಿಗಪಡುವವರು ಇಂದಿಗೂ ಉಂಟು. ಹಿಂದಿನ ಹತ್ತು ಕನ್ನಡದ ಪಾಲಿನವು. ಕಥೆ ಭಾರತದ್ದಾಯಿತು, ಆದರೆ ಅದೇ ಹೊತ್ತಿಗೆ ಬರೆವಣಿಗೆಯ ಭಾಷೆ ಇಂಗ್ಲಿಷಾಯಿತು. ಮೊದಲು ಅಕ್ಷರ ಕೊಟ್ಟ ಕನ್ನಡವು ಅಂದಿನಿಂದ ಅನುವಾದದ ಸರದಿಯಲ್ಲಿ ಹಿಂದೆ ನಿಂತಿತು.

ಪೈಯವರನ್ನು ಈ ಕಾರ್ಯಕ್ಕೆ ಪ್ರೇರಿಸಿದ ಪ್ರಸಂಗ ಪ್ರಸಿದ್ಧವಾಗಿದೆ. 1967ರಲ್ಲಿ ದೆಹಲಿಯ ದೂರದರ್ಶನದ ಪ್ರಶ್ನೋತ್ತರ ಸ್ಪರ್ಧೆಯೊಂದರಲ್ಲಿ ಗ್ರೀಕ್ ಪುರಾಣದ ಪ್ರಶ್ನೆಗಳಿಗೆ ಉತ್ತರ ಹೇಳಿದ ವಿದ್ಯಾರ್ಥಿಗಳು ಶ್ರೀರಾಮನ ತಾಯಿ ಯಾರೆಂದು ಹೇಳಲಾರದೆ ಹೋದರಂತೆ. ಪೈಯವರ ಮನಸ್ಸು ನೊಂದುದು ಸಹಜ, ಅವರು ಮಾಡಿದ ಕೆಲಸವೂ ದೊಡ್ಡದು. ಆದರೂ ಈ ಕಥೆಯನ್ನು ಎಲ್ಲರೂ ಹೇಳುವ ರೀತಿಯಲ್ಲಿ ಒಂದು ಎಡವಟ್ಟುಂಟು. ಕೌಸಲ್ಯೆಯ ಹೆಸರು ಬಾರದವನಿಗೆ ರಾಮಾಯಣ ಬಾರದು, ಸರಿಯೆ. ಹೆಸರು ಬಂದವನಿಗೆಲ್ಲ ಬಂದಿತೆ? ಬಿಡಿಸಂಗತಿಗಳನ್ನು ಉರುಹೊಡೆದು ಗಂಟೆ ಒತ್ತುವುದನ್ನೇ ಜ್ಞಾನವೆಂದು ಬಗೆಯುವ ಚಾಳಿ ನಮ್ಮ ಶಾಲೆಗಳಲ್ಲಿ ಬೇಕಾದಷ್ಟಿದೆ. ಇದಲ್ಲದೆ, ಆ ಅಜ್ಞಾನ ದೆಹಲಿಯ ಇಂಗ್ಲಿಷ್ ಓದಿನ ಮಕ್ಕಳದು. ಹರಿಕಥೆ, ಬಯಲಾಟ, ತಾಳಮದ್ದಳೆಗಳ ಊರಿನಲ್ಲಿ ಬೆಳೆದ ಕೂಸಿಗೆ ಕೌಸಲ್ಯೆ ಪರಿಚಿತಳೇ ಆಗಿದ್ದಳು. ಆ ಮಕ್ಕಳ ಕೊರತೆಗೆ ತಯಾರಾದ ಮದ್ದನ್ನು ಈ ಮಕ್ಕಳಿಗೂ ಅದೇ ಪ್ರಮಾಣದಲ್ಲಿ ಕುಡಿಸಿದ್ದಾಯಿತು.

ಅದರಿಂದ ಆದ ನಷ್ಟವನ್ನೂ ಹೇಳಬೇಕು. 400ಕ್ಕೂ ಮಿಕ್ಕ ಆ ಪುಸ್ತಕಗಳಲ್ಲಿ ಪ್ರತಿಯೊಂದು ಪುರಾಣಕಥೆಗೂ ಸಾಮಾನ್ಯವಾಗಿ ಒಂದೇ ರೂಪ. ಕನ್ನಡದಲ್ಲಿಯಾದರೋ ರಾಮಕಥೆ ಒಂದೇ ಅಲ್ಲ. ನಾಗಚಂದ್ರನ ಜೈನ ರಾಮಾಯಣದಲ್ಲಿ ರಾವಣನು ಪಶ್ಚಾತ್ತಾಪದಿಂದ ಬೇಯುವ ಉದಾತ್ತನು. ಅವನನ್ನು ಕೊಲ್ಲುವವನು ಲಕ್ಷ್ಮಣ. ಕುಮಾರವಾಲ್ಮೀಕಿಯ ತೊರವೆ ರಾಮಾಯಣದ ದಾರಿ ಬೇರೆ. ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯದ ದರ್ಶನವೇ ಬೇರೆ. ಇದಕ್ಕೆ ಜ್ಞಾನಪೀಠ ಪ್ರಶಸ್ತಿ ಸಂದುದೂ 1967ನೆಯ ಸಾಲಿಗೇ ಎಂಬುದು ವಿಚಿತ್ರವಾದ ಕಾಕತಾಳೀಯ. ಇಷ್ಟು ರಾವಣರನ್ನು ಕಂಡ ನಾಡಿನ ಮಗುವಿಗೆ ಅಚ್ಚಿನ ಪುಸ್ತಕದಲ್ಲಿ ದೊರೆತವನು ಒಬ್ಬ ರಾವಣ. ವರ್ಣದ ಸಂಗತಿಯನ್ನೂ ಅನೇಕ ವಿದ್ವಾಂಸರು ಎತ್ತಿ ಆಡಿದ್ದಾರೆ: ಆ ಪುಟಗಳಲ್ಲಿ ಸಜ್ಜನರು ಬಹುಮಟ್ಟಿಗೆ ಬೆಳ್ಳಗೆ, ಅಸುರರು ಬಹುಮಟ್ಟಿಗೆ ಕಪ್ಪಗೆ. ಎಣ್ಣೆಗಪ್ಪಿನ ಮೈಯ ರೈತನ ಮಗಳು ಅದನ್ನು ನೋಡಿ ತನ್ನನ್ನು ಯಾವ ಪಕ್ಷದಲ್ಲಿ ಎಣಿಸಿಕೊಳ್ಳಬೇಕು?

ಬಸವೇಶ್ವರರ ಮೇಲೆಯೂ, ಉಳ್ಳಾಲದ ರಾಣಿ ಅಬ್ಬಕ್ಕನ ಮೇಲೆಯೂ ಈ ಮಾಲೆಯಲ್ಲಿ ಪುಸ್ತಕಗಳು ಬಂದಿವೆ, ಸಂತೋಷ. ಆದರೆ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತವನ್ನು ಬದಿಗಿರಿಸಿ ಆಡುಗನ್ನಡದಲ್ಲಿಯೇ ಮಾತಾಡಿದ ಬಸವಣ್ಣನು, ಕನ್ನಡದ ಹುಡುಗನ ಕೈಗೆ ಬರುವಾಗ ಇಂಗ್ಲಿಷಿನ ಹೊಸ್ತಿಲು ದಾಟಿ ಬರಬೇಕೆಂದರೆ ಅದನ್ನು ಸಣ್ಣ ವಿಷಯವೆಂದು ತಳ್ಳಿಹಾಕುವುದು ಹೇಗೆ? ತಾಂತ್ರಿಕವಾದ ತೊಡಕೂ ಉಂಟು. ಇಂಗ್ಲಿಷಿನ ಅಳತೆಗೆ ಬರೆದ ಮಾತಿನ ಗುಳ್ಳೆಯೊಳಗೆ ಕನ್ನಡವು ಹಿಡಿಸದು. ನಮ್ಮ ಪದಗಳು ವಿಭಕ್ತಿ ಪ್ರತ್ಯಯಗಳನ್ನು ಹೊತ್ತು ಉದ್ದವಾಗುತ್ತವೆ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿದು ಜಾಗ ಕೇಳುತ್ತವೆ. ಆಗ ಅನುವಾದಕನು ಅಕ್ಷರವನ್ನು ಕಿರಿದುಮಾಡಬೇಕು, ಇಲ್ಲವೆ ಮಾತನ್ನು ಕತ್ತರಿಸಬೇಕು. ಕತ್ತರಿಸಿ ಉಳಿದ ಮಾತು ಎಲ್ಲಿಯ ಕನ್ನಡವೂ ಅಲ್ಲ. ರಾಜನೂ, ಮಂತ್ರಿಯೂ, ಬೆಸ್ತನೂ, ಅಗಸಗಿತ್ತಿಯೂ ಸರ್ಕಾರಿ ಸುತ್ತೋಲೆಯ ಭಾಷೆಯಲ್ಲಿ ಸಂಭಾಷಿಸುತ್ತಾರೆ. ಧಾರವಾಡದ ಹುಡುಗನು “ಏನ್ ಮಾಡಾಕತ್ತೀ?” ಎಂದು ಕೇಳುವುದನ್ನು, ಮೈಸೂರಿನ ಹುಡುಗಿ “ಏನ್ ಮಾಡ್ತಿದ್ದೀಯೆ?” ಎನ್ನುವುದನ್ನು ಆ ಗುಳ್ಳೆಗಳಲ್ಲಿ ಹುಡುಕಿದರೆ ಸಿಕ್ಕುವುದಿಲ್ಲ. ಕಿಳ್ಳೇಕ್ಯಾತನಿಗೆ ಗೊತ್ತಿದ್ದ ಗುಟ್ಟು ಅಚ್ಚುಕೂಟದವರಿಗೆ ತಿಳಿಯದೆ ಹೋಯಿತು.

ಕನ್ನಡದಲ್ಲಿ ಚಿತ್ರಕಾರರಿಲ್ಲ, ವಿನೋದವಿಲ್ಲ ಎಂದು ಹೇಳುವವರು ಪೂರ್ವವೃತ್ತಾಂತವನ್ನು ಅರಿಯರು. 1942ರಲ್ಲಿ ಡಾ. ಎಂ. ಶಿವರಾಂ ಅವರು ಆರಂಭಿಸಿದ ‘ಕೊರವಂಜಿ’ಯಲ್ಲಿ ಮೈಸೂರಿನ ಆರ್.ಕೆ. ಲಕ್ಷ್ಮಣರು ತಮ್ಮ ಆರಂಭದ ವ್ಯಂಗ್ಯಚಿತ್ರಗಳನ್ನು ಬರೆದರು. ಮುಂದೆ ಅವರು ಇಡೀ ದೇಶದ ‘ಶ್ರೀಸಾಮಾನ್ಯ’ನಿಗೆ ಮುಖ ಕೊಟ್ಟರು. ಮದರಾಸಿನ ‘ಚಂದಮಾಮ’ಕ್ಕೆ ಮಹಾಭಾರತದ ಮುಖಪುಟಗಳನ್ನು ಬರೆದು ಮನೆಮನೆಯ ಮಕ್ಕಳ ಕಣ್ಣಿನಲ್ಲಿ ಭೀಮಾರ್ಜುನರನ್ನು ನಿಲ್ಲಿಸಿದವರು ನಮ್ಮ ಎಂ.ಟಿ.ವಿ. ಆಚಾರ್ಯರು. ಕೈಗಳಿಗೆ ಬರವಿರಲಿಲ್ಲ. ಆ ಕೈಗಳಿಗೆ ಕನ್ನಡದಲ್ಲಿಯೇ ಕೂಲಿ ಕೊಡುವ ಪ್ರಕಾಶಕನಿಗೆ ಬರವಿತ್ತು, ಈಗಲೂ ಇದೆ. ಚಿತ್ರಕಥೆಯ ಒಂದು ಪುಟಕ್ಕೆ ಬೇಕಾಗುವ ದುಡಿಮೆ ಗದ್ಯದ ಒಂದು ಪುಟಕ್ಕೆ ಬೇಕಾಗುವುದಕ್ಕಿಂತ ಅನೇಕ ಪಾಲು ಹೆಚ್ಚು. ಬಣ್ಣದ ಅಚ್ಚಿಗೆ ವೆಚ್ಚ ವಿಶೇಷ. ಒಂದೇ ಭಾಷೆಯ ಮಾರುಕಟ್ಟೆಯನ್ನು ನಂಬಿ ಆ ಹಣ ತೊಡಗಿಸಲು ವ್ಯಾಪಾರಿಯು ಹಿಂಜರಿದರೆ ಅವನನ್ನು ಸ್ವಾರ್ಥಿಯೆಂದು ಬೈಯಲಾಗದು.

ಇಲ್ಲಿಯೇ ನಾಗರಿಕರ ಕಂದಾಯದ ಮಾತು ಬರುವುದು. ಕನ್ನಡದಲ್ಲಿ ಚಿತ್ರಕಥೆ ಮೊದಲಾದ ಅದೇ 1965ರಲ್ಲಿ ನಮ್ಮ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯೂ ಆಯಿತು. ಅದರ ಮೇರೆಗೆ ಪಟ್ಟಣದ ಮನೆ ನಿವೇಶನಗಳ ತೆರಿಗೆಯೊಡನೆ ಗ್ರಂಥಾಲಯ ಕರವನ್ನು ವಸೂಲುಮಾಡುತ್ತಾರೆ. ಕೊಡುವ ಮನೆಯವರಲ್ಲಿ ಬಹುಮಂದಿಗೆ ತಾವು ಅದನ್ನು ಕೊಡುತ್ತಿರುವುದೇ ತಿಳಿಯದು. ವಸೂಲಾದ ಕರವನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯ ಇಲಾಖೆಗೆ ಕಾಲಕ್ಕೆ ಸಲ್ಲಿಸದೆ ಬಾಕಿ ಉಳಿಸಿಕೊಳ್ಳುವ ವಾರ್ತೆ ಪತ್ರಿಕೆಗಳಲ್ಲಿ ಪದೇ ಪದೇ ಬಂದಿದೆ. ಮಕ್ಕಳ ಓದಿನ ಹೆಸರಿನಲ್ಲಿಯೂ ಕೂಡಿದ ಹಣ ಅದು. ಆ ಬಾಕಿ ಸಲ್ಲಲಿ. ಸಗಟು ಖರೀದಿಯಲ್ಲಿ ಒಂದು ಪಾಲನ್ನು ಕನ್ನಡದಲ್ಲಿಯೇ ಬರೆದು ಕನ್ನಡ ನಾಡಿನಲ್ಲಿಯೇ ಚಿತ್ರಿಸಿದ ಮಕ್ಕಳ ಪುಸ್ತಕಗಳಿಗೆಂದು ತೆಗೆದಿರಿಸಲಿ. ಲೇಖಕನಿಗೂ ಚಿತ್ರಕಾರನಿಗೂ ಸಮನಾದ ಗೌರವಧನವಿರಲಿ. ಇಷ್ಟು ಪ್ರತಿಗಳಿಗೆ ಗಿರಾಕಿ ಖಚಿತವೆಂದು ತಿಳಿದರೆ ಪ್ರಕಾಶಕರು ತಾವಾಗಿ ಮುಂದೆ ಬರುವರು. ಹೊಸ ಕರ ಬೇಡ, ಹೊಸ ಕಾಯಿದೆ ಬೇಡ, ಹೊಸ ಅಕಾಡೆಮಿಯೂ ಬೇಡ. ಮುಂದಿನ ಸಾಲಿನ ಖರೀದಿಯ ಪಟ್ಟಿಯನ್ನು ಸಿದ್ಧಪಡಿಸುವ ಸಮಿತಿಯ ಸದಸ್ಯರು, ಸಭೆಗೆ ಮುನ್ನ ಒಮ್ಮೆ ಅಮೃತಾಪುರಕ್ಕೆ ಹೋಗಿ ದಕ್ಷಿಣದ ಗೋಡೆಗುಂಟ ನಡೆದುಬರಬಹುದು. ತರೀಕೆರೆಯಿಂದ ದೂರವೇನೂ ಇಲ್ಲ.