ಮುಖದ ಕಲೆಗಳೂ ಆಮ್ಲಲೇಪ ಚಿಕಿತ್ಸೆಯೂ

ಮುಂಬಯಿಯ ಉಪನಗರವೊಂದರಲ್ಲಿ ನೆಲೆಸಿರುವ ಮೂವತ್ತೈದರ ಹರೆಯದ ಕನ್ನಡಿತಿಯೊಬ್ಬಳನ್ನು ಕಲ್ಪಿಸಿಕೊಳ್ಳಬಹುದು. ಎರಡನೆಯ ಹೆರಿಗೆಯ ತರುವಾಯ ಆಕೆಯ ಕೆನ್ನೆಗಳೆರಡರ ಮೇಲೂ ಕಂದುಬಣ್ಣದ ಛಾಯೆ ಹರಡಿದೆ. ಬೇಸಿಗೆಯ ರಜೆಯಲ್ಲಿ ಊರಿಗೆ ಹೋದಾಗ ಎದುರಾದ ಸೋದರತ್ತೆ, ಕುಶಲಪ್ರಶ್ನೆಗೂ ಮುನ್ನ, "ಏನೇ ಇದು, ಮುಖದ ತುಂಬ ಬಂಗು ಬಿದ್ದಿದೆಯಲ್ಲೇ!" ಎಂದು ಉದ್ಗರಿಸುತ್ತಾರೆ. ಮುಂದಿನ ತಿಂಗಳು ತಂಗಿಯ ಮದುವೆ. ಮನೆಯ ಕೆಳಗಿನ ಬೀದಿಯ ಬ್ಯೂಟಿ ಪಾರ್ಲರಿನವರು "ಕೆಮಿಕಲ್ ಪೀಲ್ ಮಾಡಿಸಿಕೊಳ್ಳಿ, ಮದುವೆಯ ಹೊತ್ತಿಗೆ ಮುಖ ತಿಳಿಯಾಗುತ್ತದೆ" ಎಂದು ಭರವಸೆ ಕೊಡುತ್ತಾರೆ. ಆಕೆ ಒಪ್ಪಬೇಕೇ, ಬೇಡವೇ?

ಮಹಾನಗರಗಳ ಅನೇಕ ಸಂಸಾರಗಳಲ್ಲಿ ಈ ಪ್ರಶ್ನೆ ಈಗ ನಿಜವಾಗಿಯೂ ಏಳುತ್ತಿದೆ. ಮೊಡವೆಯ ಕಲೆಗಳಿಂದ ನೊಂದ ಕಾಲೇಜು ವಿದ್ಯಾರ್ಥಿ, ಸಂದರ್ಶನಕ್ಕೆ ಸಿದ್ಧನಾಗುತ್ತಿರುವ ತರುಣ, ಮದುವೆಗೆ ಬಂದ ಹೆಣ್ಣುಮಕ್ಕಳ ತಾಯಿ – ಎಲ್ಲರ ಕಿವಿಗೂ ಈ ಚಿಕಿತ್ಸೆಯ ಹೆಸರು ಬಿದ್ದಿದೆ. ಅದರ ಸ್ವರೂಪವೇನು, ಅದರಿಂದ ಏನು ಸಾಧ್ಯ, ಎಲ್ಲಿ ಅಪಾಯ ಎಂಬುದನ್ನು ತಿಳಿದವರು ಮಾತ್ರ ವಿರಳ.

ಚರ್ಮದ ರಚನೆ

ಚರ್ಮದಲ್ಲಿ ಮುಖ್ಯವಾಗಿ ಎರಡು ಭಾಗಗಳುಂಟು. ಮೇಲಿನದು ಹೊರಚರ್ಮ, ಅದರ ಕೆಳಗಿನದು ಒಳಚರ್ಮ. ಹೊರಚರ್ಮದ ತಳದಲ್ಲಿ ಹೊಸ ಜೀವಕೋಶಗಳು ಸದಾ ಹುಟ್ಟುತ್ತಿರುತ್ತವೆ. ಅವು ಮೆಲ್ಲಮೆಲ್ಲನೆ ಮೇಲೇರಿ, ನಿರ್ಜೀವವಾಗಿ, ಹೊಟ್ಟಿನಂತೆ ಉದುರಿಹೋಗುತ್ತವೆ. ಈ ಪ್ರಯಾಣಕ್ಕೆ ಸುಮಾರು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಮೈಬಣ್ಣಕ್ಕೆ ಕಾರಣವಾದ ಮೆಲನಿನ್ ಎಂಬ ವರ್ಣದ್ರವ್ಯವನ್ನು ತಯಾರಿಸುವ ಕೋಶಗಳು ಇರುವುದೂ ಇದೇ ತಳದಲ್ಲಿ. ಒಳಚರ್ಮದಲ್ಲಿ ರಕ್ತನಾಳಗಳು, ನರತಂತುಗಳು ಮತ್ತು ಚರ್ಮಕ್ಕೆ ಬಿಗಿಯನ್ನು ಕೊಡುವ ಕೊಲಾಜನ್ ಎಳೆಗಳಿವೆ.

ಕೆಮಿಕಲ್ ಪೀಲ್ ಎಂದರೆ ಗೊತ್ತಾದ ಸಾಂದ್ರತೆಯ ಆಮ್ಲವನ್ನು ಗೊತ್ತಾದ ಅವಧಿಯವರೆಗೆ ಚರ್ಮಕ್ಕೆ ಲೇಪಿಸಿ, ಮೇಲಿನ ಪದರಗಳು ಸುಲಿದುಹೋಗುವಂತೆ ಮಾಡುವುದು. ಹಳೆಯ ಪದರದೊಡನೆ ಅದರಲ್ಲಿ ಸಂಚಿತವಾಗಿದ್ದ ವರ್ಣದ್ರವ್ಯವೂ ಸ್ವಲ್ಪಮಟ್ಟಿಗೆ ಹೋಗುತ್ತದೆ. ಕೆಳಗಿನಿಂದ ಹೊಸ ಚರ್ಮ ಬರುತ್ತದೆ. ಸರಳವಾಗಿ ಹೇಳುವುದಾದರೆ, ಇದು ಹತೋಟಿಯಲ್ಲಿಟ್ಟು ಮಾಡುವ ಒಂದು ಗಾಯ. ಗಾಯ ಮಾಯುವ ಸಹಜಶಕ್ತಿಯನ್ನೇ ಇಲ್ಲಿ ಚಿಕಿತ್ಸೆಗೆ ಬಳಸಿಕೊಳ್ಳಲಾಗುತ್ತದೆ. ಹತೋಟಿ ತಪ್ಪಿದರೆ ಉಳಿಯುವುದು ಗಾಯ ಮಾತ್ರ.

ಆಮ್ಲಗಳ ಪರಿಚಯ

ಈ ಚಿಕಿತ್ಸೆ ಹೊಸದೇನಲ್ಲ. ಜರ್ಮನಿಯ ಚರ್ಮರೋಗತಜ್ಞ ಪಾಲ್ ಉನ್ನಾ 1882ರಲ್ಲಿಯೇ ಸ್ಯಾಲಿಸಿಲಿಕ್ ಆಮ್ಲ, ಟ್ರೈಕ್ಲೋರೋ ಅಸಿಟಿಕ್ ಆಮ್ಲ ಹಾಗೂ ಫೀನಾಲುಗಳ ಗುಣವನ್ನು ವಿವರಿಸಿದ್ದನು. ಅಮೆರಿಕದ ವ್ಯಾನ್ ಸ್ಕಾಟ್ ಮತ್ತು ಯು ಎಂಬ ಸಂಶೋಧಕರು 1974ರಲ್ಲಿ, ಚರ್ಮ ಮೀನಿನ ಹುರುಪೆಯಂತಾಗುವ ರೋಗಕ್ಕೆ ಹಣ್ಣುಹಂಪಲು, ಹಾಲುಗಳಲ್ಲಿ ದೊರೆಯುವ ಆಮ್ಲಗಳು ಪರಿಣಾಮಕಾರಿ ಎಂದು ತೋರಿಸಿದರು. ಈ ಗುಂಪಿನ ಆಮ್ಲಗಳು ಅಡಿಗೆಮನೆಗೆ ಅಪರಿಚಿತವಲ್ಲ. ಮೊಸರಿನಲ್ಲಿರುವುದು ಲ್ಯಾಕ್ಟಿಕ್ ಆಮ್ಲ, ಹುಣಿಸೆಹಣ್ಣಿನಲ್ಲಿರುವುದು ಟಾರ್ಟಾರಿಕ್ ಆಮ್ಲ, ನಿಂಬೆಯಲ್ಲಿರುವುದು ಸಿಟ್ರಿಕ್ ಆಮ್ಲ. ಇಂದು ಅತಿ ಹೆಚ್ಚು ಬಳಕೆಯಲ್ಲಿರುವ ಗ್ಲೈಕಾಲಿಕ್ ಆಮ್ಲ ಕಬ್ಬಿನಲ್ಲಿ ಇರುವಂಥದು.

ಹಾಗೆಂದು ಮನೆಯಲ್ಲಿ ನಿಂಬೆರಸ ಹಚ್ಚಿಕೊಂಡರೆ ಅದೇ ಫಲ ದೊರೆಯುವುದೆಂದು ಭಾವಿಸಬಾರದು. ನಿಂಬೆರಸ ತಗುಲಿದ ಚರ್ಮದ ಮೇಲೆ ಬಿಸಿಲು ಬಿದ್ದರೆ ಸುಟ್ಟ ಗುಳ್ಳೆಗಳೆದ್ದು ಕಪ್ಪು ಕಲೆಗಳು ಉಳಿಯುವುದುಂಟು.

ಮೂರು ಬಗೆಯ ಆಳ

ಆಮ್ಲ ಎಷ್ಟು ಆಳಕ್ಕೆ ಇಳಿಯುತ್ತದೆಂಬುದನ್ನು ಅನುಸರಿಸಿ ಪೀಲ್‌ಗಳನ್ನು ಮೂರಾಗಿ ವಿಂಗಡಿಸಲಾಗಿದೆ.

1. ಮೇಲ್ಪದರದ ಪೀಲ್: ಇದು ಹೊರಚರ್ಮಕ್ಕಷ್ಟೇ ಸೀಮಿತ. ಗ್ಲೈಕಾಲಿಕ್ ಆಮ್ಲ, ಶೇಕಡಾ 20ರಿಂದ 30ರ ಸ್ಯಾಲಿಸಿಲಿಕ್ ಆಮ್ಲ, ಲ್ಯಾಕ್ಟಿಕ್ ಮತ್ತು ಮ್ಯಾಂಡೆಲಿಕ್ ಆಮ್ಲಗಳು, ಕಡಿಮೆ ಸಾಂದ್ರತೆಯ ಟ್ರೈಕ್ಲೋರೋ ಅಸಿಟಿಕ್ ಆಮ್ಲ ಈ ಗುಂಪಿಗೆ ಸೇರುತ್ತವೆ.

2. ಮಧ್ಯಮ ಪೀಲ್: ಸುಮಾರು ಶೇಕಡಾ 35ರ ಟ್ರೈಕ್ಲೋರೋ ಅಸಿಟಿಕ್ ಆಮ್ಲ ಒಳಚರ್ಮದ ಮೇಲ್ಭಾಗವನ್ನು ಮುಟ್ಟುತ್ತದೆ.

3. ಆಳವಾದ ಪೀಲ್: ಫೀನಾಲ್ ಬಳಸುವ ಈ ವಿಧಾನ ಒಳಚರ್ಮದ ನಡುಭಾಗದವರೆಗೆ ಇಳಿಯುತ್ತದೆ. ಫೀನಾಲ್ ರಕ್ತಕ್ಕೆ ಸೇರಿ ಹೃದಯದ ಬಡಿತವನ್ನೇ ಏರುಪೇರು ಮಾಡಬಲ್ಲದು. ಆದ್ದರಿಂದ ಹೃದಯದ ಗತಿಯನ್ನು ಯಂತ್ರದಲ್ಲಿ ಗಮನಿಸುತ್ತಲೇ ಇದನ್ನು ಮಾಡಬೇಕಾಗುತ್ತದೆ. ಕಂದುಬಣ್ಣದ ಚರ್ಮದ ಮೇಲೆ ಇದು ಮಾಯದ ಬಿಳಿಚು ಕಲೆಗಳನ್ನು ಬಿಡುವ ಸಂಭವವಿರುವುದರಿಂದ ಭಾರತೀಯರಿಗೆ ಸಾಮಾನ್ಯವಾಗಿ ಸಲ್ಲದು.

ಭಾರತೀಯ ಚರ್ಮದ ವಿಶೇಷ

ಬಿಸಿಲಿಗೆ ಚರ್ಮ ಹೇಗೆ ಪ್ರತಿಕ್ರಿಯಿಸುತ್ತದೆಂಬ ಆಧಾರದ ಮೇಲೆ ಅಮೆರಿಕದ ಡಾ. ಥಾಮಸ್ ಫಿಟ್ಸ್‌ಪ್ಯಾಟ್ರಿಕ್ 1975ರಲ್ಲಿ ಒಂದು ವರ್ಗೀಕರಣ ರೂಪಿಸಿದರು. ಈಗ ಬಳಕೆಯಲ್ಲಿರುವ ಅದರ ಆರು ವರ್ಗಗಳಲ್ಲಿ ಬಹುಪಾಲು ಭಾರತೀಯರು ನಾಲ್ಕು ಮತ್ತು ಐದನೆಯವುಗಳಿಗೆ ಸೇರುತ್ತಾರೆ. ಇಂತಹ ಚರ್ಮಕ್ಕೆ ಒಂದು ವರವಿದೆ, ಒಂದು ಶಾಪವೂ ಇದೆ. ಬಿಸಿಲಿನ ಹೊಡೆತವನ್ನು ಅದು ಚೆನ್ನಾಗಿ ತಾಳಿಕೊಳ್ಳುತ್ತದೆ, ಸುಕ್ಕುಗಳು ತಡವಾಗಿ ಬೀಳುತ್ತವೆ. ಆದರೆ ಅದಕ್ಕೆ ಎಂತಹ ಉರಿ, ಗಾಯವಾದರೂ ಮಾಯುವಾಗ ಕಪ್ಪಾಗುತ್ತದೆ. ಸೊಳ್ಳೆ ಕಚ್ಚಿದ ಜಾಗವೂ ಒಡೆದ ಮೊಡವೆಯೂ ತಿಂಗಳುಗಟ್ಟಲೆ ಕಪ್ಪಾಗಿ ಉಳಿಯುವುದು ಇದೇ ಕಾರಣದಿಂದ.

ಬಿಳಿಯರ ಚರ್ಮಕ್ಕೆ ಒಗ್ಗುವ ಆಮ್ಲದ ಪ್ರಮಾಣ ಭಾರತೀಯರಿಗೆ ಒಗ್ಗದಿರಲು ಕಾರಣವೂ ಇದೇ. ಆಮ್ಲದ ಉರಿ ಮಿತಿಮೀರಿದರೆ, ಕಲೆ ಕಳೆಯಲೆಂದು ಹೋದವರು ಮೊದಲಿಗಿಂತ ದೊಡ್ಡ ಕಲೆಯೊಡನೆ ಹಿಂತಿರುಗಬೇಕಾಗುತ್ತದೆ. ಇಂತಹ ಚರ್ಮಕ್ಕೆ ಕಡಿಮೆ ಸಾಂದ್ರತೆಯಿಂದ ಆರಂಭಿಸಿ, ಮೇಲ್ಪದರದಲ್ಲಿಯೇ ನಿಂತು, ಹಲವು ಸಲ ಮಾಡುವ ವಿಧಾನವೇ ಕ್ಷೇಮ.

ಯಾರಿಗೆ ಉಪಯುಕ್ತ?

ಮೊಡವೆ ಮತ್ತು ಎಣ್ಣೆಚರ್ಮದವರಿಗೆ ಸ್ಯಾಲಿಸಿಲಿಕ್ ಆಮ್ಲ ಹೊಂದುತ್ತದೆ. ಅದು ಜಿಡ್ಡಿನಲ್ಲಿ ಕರಗಿ ರಂಧ್ರಗಳೊಳಕ್ಕೆ ಇಳಿಯಬಲ್ಲದು. ಆಸ್ಪಿರಿನ್ ಮಾತ್ರೆ ಒಗ್ಗದವರು ಮಾತ್ರ ಇದನ್ನು ವರ್ಜಿಸಬೇಕು. ಮೊಡವೆ ಮಾಯ್ದ ಮೇಲಿನ ಕಪ್ಪು ಗುರುತು, ಮೇಲ್ಪದರದಲ್ಲಿರುವ ಬಂಗು, ಬಿಸಿಲಿನಿಂದ ಕಳೆಗುಂದಿದ ಚರ್ಮ – ಇವುಗಳಿಗೆ ಗ್ಲೈಕಾಲಿಕ್ ಮೊದಲಾದ ಆಮ್ಲಗಳು ನೆರವಾಗುತ್ತವೆ. ಮೊಡವೆಯಿಂದಾದ ಆಳವಾದ ಗುಳಿಗಳು ಮಾತ್ರ ಮೇಲ್ಪದರದ ಪೀಲ್‌ನಿಂದ ತುಂಬಲಾರವು. ಅವಕ್ಕೆ ಬೇರೆ ಚಿಕಿತ್ಸೆಗಳುಂಟು.

ಬಂಗಿನ ವಿಷಯದಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಅನುವಂಶೀಯತೆ, ಬಸಿರು, ಗರ್ಭನಿರೋಧಕ ಮಾತ್ರೆ, ಎಲ್ಲಕ್ಕೂ ಮಿಗಿಲಾಗಿ ಬಿಸಿಲು – ಇವು ಅದರ ಕಾರಣಗಳು. ಕಾರಣ ಉಳಿದಿರುವವರೆಗೆ ಬಂಗು ಮರುಕಳಿಸುತ್ತದೆ. ಪೀಲ್ ಅದನ್ನು ತಿಳಿಗೊಳಿಸಬಲ್ಲದೇ ಹೊರತು ಬೇರುಸಹಿತ ಕೀಳಲಾರದು. ಹಚ್ಚುವ ಔಷಧ ಮತ್ತು ಬಿಸಿಲಿನ ರಕ್ಷಣೆಯೇ ಮುಖ್ಯ ಚಿಕಿತ್ಸೆ. ಪೀಲ್ ಅದಕ್ಕೆ ಪೂರಕ.

ಹುಟ್ಟಿನಿಂದ ಬಂದ ಮೈಬಣ್ಣವನ್ನು ಬದಲಿಸುವುದಂತೂ ಈ ಚಿಕಿತ್ಸೆಯ ಗುರಿಯೇ ಅಲ್ಲ. "ಹುಡುಗಿ ಸ್ವಲ್ಪ ಕಪ್ಪು" ಎಂಬ ಮಾತಿಗೆ ಅಂಜಿ ಆರೋಗ್ಯವಾಗಿರುವ ಚರ್ಮವನ್ನು ಆಮ್ಲಕ್ಕೆ ಒಡ್ಡುವುದು ಅವಿವೇಕ.

ಬಸುರಿಯರು, ಮುಖದ ಮೇಲೆ ಸೋಂಕು ಅಥವಾ ತೆರೆದ ಗಾಯವಿರುವವರು, ಗಾಯ ಉಬ್ಬಿ ಗಂಟಾಗುವ ಪ್ರವೃತ್ತಿಯವರು, ಬಿಸಿಲಿನಲ್ಲೇ ದುಡಿಯಬೇಕಾದವರು ಇದನ್ನು ಮುಂದೂಡುವುದು ಅಥವಾ ಬಿಡುವುದು ಲೇಸು. ಮೊಡವೆಗಾಗಿ ಐಸೊಟ್ರೆಟಿನಾಯಿನ್ ಮಾತ್ರೆ ಸೇವಿಸುತ್ತಿರುವವರು, ತುಟಿಯ ಸುತ್ತ ಆಗಾಗ್ಗೆ ನೀರುಗುಳ್ಳೆ ಏಳುವವರು ಆ ಸಂಗತಿಯನ್ನು ವೈದ್ಯರಿಗೆ ಮುಂಚಿತವಾಗಿ ತಿಳಿಸಲೇಬೇಕು.

ಪೂರ್ವಸಿದ್ಧತೆ

ಪಾರ್ಲರುಗಳಲ್ಲಿ ಬಹುತೇಕ ಬಿಟ್ಟುಹೋಗುವ ಹಂತ ಇದೇ. ಚರ್ಮರೋಗತಜ್ಞರು ಎರಡರಿಂದ ನಾಲ್ಕು ವಾರ ಮುಂಚಿತವಾಗಿ ಚರ್ಮವನ್ನು ಅಣಿಗೊಳಿಸುತ್ತಾರೆ. ವರ್ಣದ್ರವ್ಯದ ಉತ್ಪತ್ತಿಯನ್ನು ತಗ್ಗಿಸುವ ಮುಲಾಮು, ಆಮ್ಲ ಸಮವಾಗಿ ಇಳಿಯಲು ನೆರವಾಗುವ ಟ್ರೆಟಿನಾಯಿನ್ ಮುಂತಾದ ರಾತ್ರಿಯ ಲೇಪ, ಹಗಲಿನಲ್ಲಿ ಸನ್‌ಸ್ಕ್ರೀನ್ – ಇವನ್ನು ಕೊಡುತ್ತಾರೆ. ಟ್ರೆಟಿನಾಯಿನ್ ಲೇಪವನ್ನು ಪೀಲ್‌ಗೆ ಕೆಲವು ದಿನ ಮೊದಲೇ ನಿಲ್ಲಿಸಬೇಕು. ಹಿಂದಿನ ಒಂದು ವಾರ ಬ್ಲೀಚ್, ಫೇಶಿಯಲ್, ವ್ಯಾಕ್ಸಿಂಗ್, ಥ್ರೆಡಿಂಗ್ ಕೂಡದು. ಗಂಡಸರು ಆ ದಿನ ಗಡ್ಡ ಕೆರೆದುಕೊಂಡು ಹೋಗಬಾರದು. ಕಿವಿಯ ಹಿಂಭಾಗದಲ್ಲಿ ಸ್ವಲ್ಪ ಹಚ್ಚಿ ಪರೀಕ್ಷಿಸುವ ರೂಢಿಯೂ ಉಂಟು.

ಮತ್ತೊಂದು ಗುಪ್ತ ಅಪಾಯವುಂಟು. ನೆರೆಮನೆಯವರ ಮಾತು ಕೇಳಿ, ಔಷಧದಂಗಡಿಯಿಂದ ತಂದ "ಬಿಳುಪಿನ ಕ್ರೀಮ್" ಅನ್ನು ವರ್ಷಗಟ್ಟಲೆ ಹಚ್ಚಿಕೊಂಡವರು ಹಲವರು. ಇವುಗಳಲ್ಲಿ ಅನೇಕ ವೇಳೆ ಸ್ಟೀರಾಯ್ಡ್ ಬೆರೆತಿರುತ್ತದೆ. ಅದರಿಂದ ಚರ್ಮ ತೆಳುವಾಗಿ, ಕೆಂಪು ರಕ್ತನಾಳಗಳು ಕಾಣಿಸಿ, ಬಿಸಿಲು ತಾಕಿದರೆ ಉರಿಯುತ್ತದೆ. ಈ ಹಾವಳಿಯನ್ನು ತಡೆಯಲೆಂದೇ 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲವೆಂದು ನಿಯಮ ಮಾಡಿತು. ತೆಳುವಾದ ಚರ್ಮದ ಮೇಲೆ ಆಮ್ಲ ಎಣಿಕೆಗಿಂತ ಆಳಕ್ಕೆ ಇಳಿಯುತ್ತದೆ. ಆದ್ದರಿಂದ ಮೊದಲ ಭೇಟಿಗೆ ಹೋಗುವಾಗ ಮನೆಯಲ್ಲಿರುವ ಟ್ಯೂಬುಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಹೋಗಬೇಕು. ಮರಾಠಿಯಲ್ಲೋ ಹಿಂದಿಯಲ್ಲೋ ತಮಿಳಿನಲ್ಲೋ ವಿವರಿಸಲು ತಡವರಿಸುವವರಿಗೂ ಇದು ಸುಲಭದ ದಾರಿ.

ಚಿಕಿತ್ಸೆಯ ದಿನ

ಮುಖ ತೊಳೆಸಿ, ತಲೆಯನ್ನು ತುಸು ಎತ್ತರಿಸಿ ಮಲಗಿಸುತ್ತಾರೆ. ಸ್ಪಿರಿಟ್ ಅಥವಾ ಅಸಿಟೋನಿನಿಂದ ಜಿಡ್ಡನ್ನು ಒರೆಸುತ್ತಾರೆ. ಕಣ್ಣಿನ ಕೊನೆ, ಮೂಗಿನ ಅಂಚು, ತುಟಿಗಳಿಗೆ ಪೆಟ್ರೋಲಿಯಂ ಜೆಲ್ಲಿ ಸವರಿ, ಕಣ್ಣುಗಳನ್ನು ಮುಚ್ಚಿಸುತ್ತಾರೆ. ಅನಂತರ ಕುಂಚದಿಂದಲೋ ಹತ್ತಿಯಿಂದಲೋ ಆಮ್ಲವನ್ನು ಬೇಗಬೇಗನೆ ಸಮವಾಗಿ ಹಚ್ಚುತ್ತಾರೆ. ಚುರುಚುರು ಎನ್ನುವ ಉರಿ ಸಹಜ. ಬೀಸಣಿಗೆಯ ಗಾಳಿ ಹಿತವಾಗುತ್ತದೆ.

ವೈದ್ಯರ ಒಂದು ಕಣ್ಣು ಗಡಿಯಾರದ ಮೇಲೆ, ಇನ್ನೊಂದು ಚರ್ಮದ ಮೇಲೆ ಇರಬೇಕಾದ ಸಮಯವಿದು. ಗ್ಲೈಕಾಲಿಕ್ ಆಮ್ಲ ತಾನಾಗಿ ನಿಲ್ಲುವುದಿಲ್ಲ. ಕೆಲವೇ ನಿಮಿಷಗಳಲ್ಲಿ, ಅಥವಾ ಚರ್ಮ ಕೆಂಪಾದ ಕೂಡಲೇ, ಅಡಿಗೆ ಸೋಡಾದ ದ್ರಾವಣದಿಂದ ಅದನ್ನು ಶಮನಗೊಳಿಸಿ ತಣ್ಣೀರಿನಿಂದ ತೊಳೆಯಬೇಕು. ಸ್ಯಾಲಿಸಿಲಿಕ್ ಆಮ್ಲ ಆರಿ ಬಿಳಿಯ ಪುಡಿಯಂತೆ ನಿಂತು, ತಾನೇ ತಡೆದುಕೊಳ್ಳುತ್ತದೆ. ಟ್ರೈಕ್ಲೋರೋ ಅಸಿಟಿಕ್ ಆಮ್ಲ ತಗುಲಿದಾಗ ಚರ್ಮದ ಮೇಲೆ ಮಂಜು ಕವಿದಂತೆ ಬೆಳ್ಳಗಾಗುತ್ತದೆ. ನಿಂಬೆರಸ ಬಿದ್ದ ಹಾಲು ಒಡೆಯುವಂತೆ ಅಲ್ಲಿ ಪ್ರೋಟೀನು ಹೆಪ್ಪುಗಟ್ಟುತ್ತದೆ. ಆ ಬಿಳುಪು ಎಷ್ಟು ದಟ್ಟವಾಯಿತೆಂಬುದೇ ಆಮ್ಲ ಎಷ್ಟು ಆಳಕ್ಕೆ ಇಳಿಯಿತೆಂಬುದರ ಸೂಚನೆ. ಅದನ್ನು ಓದಬಲ್ಲ ಕಣ್ಣು ಅಭ್ಯಾಸದಿಂದ ಮಾತ್ರ ಬರುತ್ತದೆ.

ಆನಂತರದ ಆರೈಕೆ

ಮೇಲ್ಪದರದ ಪೀಲ್‌ನ ಬಳಿಕ ಒಂದೆರಡು ದಿನ ಮುಖ ಕೆಂಪಾಗಿ, ಬಿಗಿದಂತಿರುತ್ತದೆ. ಮೂರನೆಯ ದಿನದ ಸುಮಾರಿಗೆ ಹೊಟ್ಟು ಏಳಲು ಆರಂಭವಾಗಿ ಒಂದು ವಾರದೊಳಗೆ ಮುಗಿಯುತ್ತದೆ. ಉಗುರಿನಿಂದ ಅದನ್ನು ಕಿತ್ತರೆ ಅಲ್ಲಿ ಕಲೆ ಉಳಿಯುವುದು ಬಹುಮಟ್ಟಿಗೆ ಖಚಿತ. ಸೌಮ್ಯವಾದ ಸಾಬೂನು, ತಣ್ಣೀರು, ತೇವ ಉಳಿಸುವ ಲೇಪ – ಇಷ್ಟೇ ಸಾಕು. ಅರಿಸಿನ, ಕಡಲೆಹಿಟ್ಟು, ಉಜ್ಜುವ ಪುಡಿಗಳನ್ನು ದೂರವಿಡಬೇಕು. ನೀರುಗುಳ್ಳೆ, ಕೀವು, ಹೆಚ್ಚುತ್ತಿರುವ ನೋವು ಅಥವಾ ಕಪ್ಪಾಗುವಿಕೆ ಕಂಡರೆ ಕಾಯದೆ ವೈದ್ಯರಲ್ಲಿಗೆ ಹೋಗಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಬಿಸಿಲಿನಿಂದ ರಕ್ಷಣೆ. ಎಸ್.ಪಿ.ಎಫ್. 30 ಅಥವಾ ಅದಕ್ಕೂ ಹೆಚ್ಚಿನ ಸನ್‌ಸ್ಕ್ರೀನನ್ನು ಎರಡು ಬೆರಳುಗಳ ಉದ್ದಕ್ಕೆ ಹಿಂಡಿಕೊಂಡು ಮುಖ, ಕತ್ತಿಗೆ ಹಚ್ಚಿ, ಹೊರಗಿರುವಾಗ ಎರಡು ಮೂರು ಗಂಟೆಗೊಮ್ಮೆ ಪುನಃ ಹಚ್ಚಬೇಕು. ಬಸ್ ನಿಲ್ದಾಣದಲ್ಲಿ ಕಾಯುವವರಿಗೆ, ಲೋಕಲ್ ರೈಲಿನ ಕಿಟಕಿಯ ಬಳಿ ಕೂರುವವರಿಗೆ ಕೊಡೆ, ಸೆರಗು, ದುಪ್ಪಟ್ಟಾ ಕೂಡ ಒಳ್ಳೆಯ ಔಷಧವೇ.

ಯಾರ ಕೈಯಲ್ಲಿ?

ಎರಡರಿಂದ ನಾಲ್ಕು ವಾರಗಳ ಅಂತರದಲ್ಲಿ ನಾಲ್ಕಾರು ಸಲ ಈ ಚಿಕಿತ್ಸೆ ಬೇಕಾಗುವುದು ಸಾಮಾನ್ಯ. ಭಾರತೀಯ ಚರ್ಮರೋಗತಜ್ಞರ ಸಂಘ 2008ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯೂ ತರಬೇತಿ ಪಡೆದ ಚರ್ಮರೋಗ ವೈದ್ಯರೇ ಇದನ್ನು ಮಾಡಬೇಕೆಂದು ಹೇಳುತ್ತದೆ. ಅಂಚೆಯ ಮೂಲಕ ಆಮ್ಲದ ಸೀಸೆ ತರಿಸಿಕೊಂಡು ಮನೆಯಲ್ಲೇ ಹಚ್ಚಿಕೊಳ್ಳುವವರಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರಲ್ಲಿ ಸುಟ್ಟಗಾಯಗಳ ಎಚ್ಚರಿಕೆ ಕೊಟ್ಟಿತು. ಚಿಕಿತ್ಸೆಗೆ ಮುನ್ನ ಮೂರು ಪ್ರಶ್ನೆಗಳನ್ನು ಕೇಳಲು ಯಾರೂ ಸಂಕೋಚಪಡಬೇಕಾಗಿಲ್ಲ: ಹಚ್ಚುವ ಆಮ್ಲ ಯಾವುದು, ಅದರ ಸಾಂದ್ರತೆ ಎಷ್ಟು, ತೊಂದರೆಯಾದರೆ ನೋಡುವವರು ಯಾರು? ಖಾಸಗಿ ಚಿಕಿತ್ಸಾಲಯದ ವೆಚ್ಚ ಭರಿಸಲಾಗದವರು ನಗರದ ಸರ್ಕಾರಿ ಇಲ್ಲವೆ ಮಹಾನಗರಪಾಲಿಕೆಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ಸಲಹೆ ಪಡೆಯಬಹುದು.

ಈಗ ಮೊದಲಿನ ಗೃಹಿಣಿಯ ಪ್ರಶ್ನೆಗೆ ಉತ್ತರ ಕಷ್ಟವಲ್ಲ. ಮದುವೆಗೆ ಒಂದೇ ತಿಂಗಳಿರುವಾಗ ಪೀಲ್ ಸಲ್ಲದು. ಪೂರ್ವಸಿದ್ಧತೆಗೇ ಅಷ್ಟು ಕಾಲ ಬೇಕು. ಅವಸರದಿಂದ ಮುಖ ಸುಟ್ಟುಕೊಂಡರೆ ಮದುವೆಯ ಚಿತ್ರಗಳಲ್ಲಿ ಉಳಿಯುವುದು ಆ ಸುಟ್ಟ ಕಲೆಯೇ. ಇಂದಿನಿಂದಲೇ ಸನ್‌ಸ್ಕ್ರೀನ್ ಆರಂಭಿಸಿ, ತಜ್ಞರನ್ನು ಕಂಡು ಔಷಧ ಹಚ್ಚಿಕೊಂಡು, ಇರುವ ಮುಖದಿಂದಲೇ ತಂಗಿಯ ಧಾರೆಗೆ ನಿಲ್ಲುವುದು ವಿವೇಕ. ಮದುವೆಯಿಂದ ಮರಳಿದ ಮೇಲೆ, ಬೇಕೆನಿಸಿದರೆ, ಮಳೆಗಾಲದ ಮೋಡ ಕವಿದ ದಿನಗಳಲ್ಲಿ ನಿಧಾನವಾಗಿ ಚಿಕಿತ್ಸೆ ಆರಂಭಿಸಬಹುದು. ಸೋದರತ್ತೆಗೆ ಕೊಡಬೇಕಾದ ಉತ್ತರವೂ ಸಿದ್ಧವಾಗಿದೆ: "ಬಂಗೇ ಅತ್ತೆ, ಡಾಕ್ಟರಿಗೆ ತೋರಿಸ್ತಾ ಇದ್ದೇನೆ."